ಓದುಗರ ಪ್ರಶ್ನೆ: ಪೋಸ್ಟ್‌ಗ್ರೆಸ್ ಮೇಲೆ ಕಣ್ಣಿಡಲು ಸೂಪರ್‌ಯೂಸರ್ ಬೇಕೇ?

ಪ್ರಶ್ನೆ: ನಮ್ಮ ಕಚೇರಿಯ ಉಬುಂಟು ಸರ್ವರಿನಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದೆ. ಎಸ್‌ಎಸ್‌ಎಚ್ ಮೂಲಕವೇ ಒಳಹೋಗಬೇಕು. ತಿಂಗಳ ಕೊನೆಯಲ್ಲಿ ವರದಿಗಳನ್ನು ತೆಗೆಯುವಾಗ ಎಲ್ಲವೂ ನಿಧಾನವಾಗುತ್ತದೆ. ಯಾವ ಕ್ವೆರಿ (ಡೇಟಾಬೇಸಿಗೆ ಕೊಟ್ಟ ಆದೇಶ) ಕಾರಣವೆಂದು ನೋಡಲು, ಓಡುತ್ತಿರುವ ಕ್ವೆರಿಗಳನ್ನು ತೋರಿಸುವ ಪಿಜಿ ಆಕ್ಟಿವಿಟಿ ಎಂಬ ಸಲಕರಣೆಯನ್ನು ಪೈಥಾನಿನ ಪ್ಯಾಕೇಜ್ ಸ್ಥಾಪಕವಾದ ಪಿಪ್‌ನಿಂದ ಇನ್‌ಸ್ಟಾಲ್ ಮಾಡಹೋದರೆ, ಈ ಪೈಥಾನನ್ನು ಬೇರೊಬ್ಬರು ನಿರ್ವಹಿಸುತ್ತಿದ್ದಾರೆ ಎಂಬರ್ಥದ ಎರರ್ ಬರುತ್ತದೆ. ಏನು ಮಾಡಲಿ? ಡೇಟಾಬೇಸಿನಲ್ಲಿ ಎಲ್ಲ ಹಕ್ಕುಗಳೂ ಇರುವ ಸೂಪರ್‌ಯೂಸರ್‌ನ ಪಾಸ್‌ವರ್ಡ್ ಕೊಟ್ಟೇ ಇದನ್ನು ನಡೆಸಬಹುದೇ?

ಉತ್ತರ: ಪಿಪ್ ನಿಮ್ಮನ್ನು ತಡೆದದ್ದು ಒಳ್ಳೆಯದೇ ಆಯಿತು. ಉಬುಂಟು 23.04ರಿಂದೀಚೆಗೆ ಸಿಸ್ಟಮ್ಮಿನ ಪೈಥಾನನ್ನು ಉಬುಂಟುವಿನದೇ ಪ್ಯಾಕೇಜ್ ನಿರ್ವಾಹಕವಾದ ಆಪ್ಟ್ ಮಾತ್ರ ನೋಡಿಕೊಳ್ಳುತ್ತದೆ. ಪಿಪ್ ಕೂಡ ಅಲ್ಲಿಯೇ ಕೈಹಾಕಿದರೆ ಇಬ್ಬರೂ ಒಂದೇ ಲೈಬ್ರರಿಗಳನ್ನು ತಿದ್ದಿ ಗೋಜಲಾಗುತ್ತದೆ. ಈ ತಡೆಯನ್ನು ಬಲವಂತವಾಗಿ ದಾಟುವ ಆಯ್ಕೆಯೊಂದಿದೆ, ಆದರೆ ಕಚೇರಿಯ ಸರ್ವರಿನಲ್ಲಿ ಅದನ್ನು ಬಳಸಬೇಡಿ. ಆಪ್ಟ್‌ನಲ್ಲಿಯೇ ಈ ಪ್ಯಾಕೇಜ್ ಸಿಗುತ್ತದೆ. ಮೊದಲು ಆಪ್ಟ್ ಅಪ್‌ಡೇಟ್, ಆಮೇಲೆ ಆಪ್ಟ್ ಇನ್‌ಸ್ಟಾಲ್ ಆದರೆ ಸಾಕು. ಒಂದು ಸಣ್ಣ ತೊಡಕಿದೆ: ಪ್ಯಾಕೇಜಿನ ಹೆಸರಿನಲ್ಲಿ ಪಿಜಿ ಮತ್ತು ಆಕ್ಟಿವಿಟಿಯ ನಡುವೆ ಹೈಫನ್ ಇರುತ್ತದೆ, ನಡೆಸುವ ಕಮಾಂಡಿನಲ್ಲಿ ಅದರ ಜಾಗದಲ್ಲಿ ಅಂಡರ್‌ಸ್ಕೋರ್ ಬರುತ್ತದೆ.

ಸೂಪರ್‌ಯೂಸರ್ ವಿಷಯಕ್ಕೆ ಬಂದರೆ, ದಿನನಿತ್ಯದ ಬಳಕೆಗೆ ಖಂಡಿತ ಬೇಡ. ಈ ಸಲಕರಣೆಯ ಪರದೆಯಲ್ಲಿ ಬಾಣದ ಕೀಲಿಯಿಂದ ಒಂದು ಸಾಲನ್ನು ಆರಿಸಿ ಕೆ ಕೀಲಿ ಒತ್ತಿದರೆ ಆ ಸಂಪರ್ಕವೇ ಕಡಿದುಹೋಗುತ್ತದೆ. ಮೊದಲು ಖಚಿತಪಡಿಸಿಕೊಳ್ಳುವ ಪ್ರಶ್ನೆ ಬರುತ್ತದೆ ನಿಜ, ಆದರೆ ಅವಸರದಲ್ಲಿ ಹೌದೆನ್ನಲು ಎಷ್ಟು ಹೊತ್ತು? ಪೋಸ್ಟ್‌ಗ್ರೆಸ್ 10ರಿಂದ ಪಿಜಿ ಮಾನಿಟರ್ ಎಂಬ ಸಿದ್ಧ ರೋಲ್ (ಹಕ್ಕುಗಳ ಗುಚ್ಛ) ಇದೆ. ಲಾಗಿನ್ ಹಕ್ಕುಳ್ಳ ಹೊಸ ಬಳಕೆದಾರನೊಬ್ಬನನ್ನು ಸೃಷ್ಟಿಸಿ ಆ ರೋಲನ್ನು ಗ್ರಾಂಟ್ ಮಾಡಿದರೆ, ಅವನು ಎಲ್ಲರ ಕ್ವೆರಿಗಳನ್ನು ನೋಡಬಲ್ಲನೇ ಹೊರತು ಬೇರೆಯವರ ಕೆಲಸವನ್ನು ನಿಲ್ಲಿಸಲಾರ. ಈ ರೋಲ್ ಇಲ್ಲದ ಸಾಮಾನ್ಯ ಬಳಕೆದಾರನಿಗೆ ಇತರರ ಕ್ವೆರಿಯ ಜಾಗದಲ್ಲಿ ಸಾಕಷ್ಟು ಹಕ್ಕಿಲ್ಲ ಎಂಬ ಸಾಲಷ್ಟೇ ಕಾಣುತ್ತದೆ.

ಹೊಸ ಬಳಕೆದಾರನ ಹೆಸರಿನಲ್ಲಿ ನಡೆಸಿದಾಗ ಪೀರ್ ದೃಢೀಕರಣ ವಿಫಲವಾಯಿತೆಂಬ ಸಂದೇಶ ಬಂದರೆ ಗಾಬರಿ ಬೇಡ. ಹೋಸ್ಟ್ ಹೇಳದಿದ್ದರೆ ಸಂಪರ್ಕ ಯುನಿಕ್ಸ್ ಸಾಕೆಟ್ (ಅದೇ ಯಂತ್ರದೊಳಗಿನ ಸಂಪರ್ಕದ ದಾರಿ) ಮೂಲಕ ಹೋಗುತ್ತದೆ, ಅಲ್ಲಿ ಲಿನಕ್ಸ್ ಬಳಕೆದಾರನ ಹೆಸರೂ ಡೇಟಾಬೇಸ್ ಬಳಕೆದಾರನ ಹೆಸರೂ ಒಂದೇ ಆಗಿರಬೇಕು. ಹೋಸ್ಟ್ ಆಗಿ ಲೋಕಲ್‌ಹೋಸ್ಟ್ ಎಂದು ಕೊಟ್ಟರೆ ಪಾಸ್‌ವರ್ಡ್ ಕೇಳುತ್ತದೆ. ಆ ಪಾಸ್‌ವರ್ಡನ್ನು ಕಮಾಂಡಿನಲ್ಲಿ ಬರೆಯಬೇಡಿ, ಶೆಲ್ಲಿನ ಹಿಸ್ಟರಿಯಲ್ಲಿ ಉಳಿದುಬಿಡುತ್ತದೆ. ಹೋಮ್ ಡೈರೆಕ್ಟರಿಯಲ್ಲಿ ಚುಕ್ಕಿಯಿಂದ ಶುರುವಾಗುವ ಪಿಜಿಪಾಸ್ ಫೈಲಿನಲ್ಲಿ ಹೋಸ್ಟ್, ಪೋರ್ಟ್, ಡೇಟಾಬೇಸ್, ಬಳಕೆದಾರ, ಪಾಸ್‌ವರ್ಡ್ ಎಂಬ ಕ್ರಮದಲ್ಲಿ, ನಡುವೆ ಕೋಲನ್ ಹಾಕಿ ಬರೆದಿಡಿ. ಫೈಲಿನ ಅನುಮತಿ 0600 ಇರಬೇಕು, ಅಂದರೆ ಮಾಲೀಕನಷ್ಟೇ ಅದನ್ನು ಓದಿ ಬರೆಯಬಲ್ಲ. ಗುಂಪಿಗೋ ಇತರರಿಗೋ ಓದಲು ಬಿಟ್ಟಿದ್ದರೆ ಪೋಸ್ಟ್‌ಗ್ರೆಸ್ ಆ ಫೈಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಪರದೆ ತೆರೆದ ಮೇಲೆ 1 ಒತ್ತಿದರೆ ಓಡುತ್ತಿರುವ ಕ್ವೆರಿಗಳೂ, 2 ಒತ್ತಿದರೆ ಕಾಯುತ್ತಿರುವವೂ, 3 ಒತ್ತಿದರೆ ಇತರರನ್ನು ತಡೆದು ಕುಳಿತಿರುವವೂ ಕಾಣುತ್ತವೆ. ನೀವು ಮೊದಲು ನೋಡಬೇಕಾದದ್ದು ಮೂರನೆಯದನ್ನು. ವರದಿ ನಿಧಾನವಾಗಲು ಅದರ ಕ್ವೆರಿಯೇ ಕಾರಣವಾಗಬೇಕೆಂದಿಲ್ಲ. ಯಾರೋ ತೆರೆದು ಕಮಿಟ್ ಮಾಡಿ ಮುಗಿಸದೆ ಬಿಟ್ಟ ಟ್ರಾನ್ಸಾಕ್ಷನ್ ಲಾಕ್ ಹಿಡಿದಿಟ್ಟುಕೊಂಡು ಇತರರನ್ನು ಕಾಯಿಸುತ್ತಿರಬಹುದು.

ಪಿಜಿ ಆಕ್ಟಿವಿಟಿ ತೋರಿಸುವುದು ಈ ಕ್ಷಣವನ್ನು ಮಾತ್ರ. ನಡೆದುಹೋದದ್ದರ ಲೆಕ್ಕ ಬೇಕಾದರೆ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್ ಎಕ್ಸ್‌ಟೆನ್ಷನ್ ಹಾಕಿಕೊಳ್ಳಿ. ಅದರ ಹೆಸರನ್ನು ಕಾನ್ಫಿಗರೇಷನ್ ಫೈಲಿನ ಶೇರ್ಡ್ ಪ್ರಿಲೋಡ್ ಲೈಬ್ರರೀಸ್ ಸಾಲಿಗೆ ಸೇರಿಸಿ, ಪೋಸ್ಟ್‌ಗ್ರೆಸ್ ಅನ್ನು ರೀಸ್ಟಾರ್ಟ್ ಮಾಡಿ (ರೀಲೋಡ್ ಸಾಲದು), ನಂತರ ಡೇಟಾಬೇಸಿನಲ್ಲಿ ಕ್ರಿಯೇಟ್ ಎಕ್ಸ್‌ಟೆನ್ಷನ್ ಕೊಡಿ. ತಿಂಗಳ ಕೊನೆಯ ಕೆಲಸ ಶುರುವಾಗುವ ಮುನ್ನ ಅದರ ಅಂಕಿಗಳನ್ನು ರೀಸೆಟ್ ಮಾಡಿದರೆ ಆ ವರದಿಗಳ ಲೆಕ್ಕ ಪ್ರತ್ಯೇಕವಾಗಿ ಸಿಗುತ್ತದೆ. ರೀಸೆಟ್ ಮಾಡುವ ಹಕ್ಕು ಮೊದಲಿಗೆ ಸೂಪರ್‌ಯೂಸರಿಗಷ್ಟೇ ಇರುತ್ತದೆ, ಬೇಕಾದರೆ ಅದನ್ನು ಬೇರೆ ಬಳಕೆದಾರನಿಗೂ ಗ್ರಾಂಟ್ ಮಾಡಬಹುದು.