ಪೋಸ್ಟರ್, ಇಂಟೀರಿಯರ್, ಸೀರೆ, ಆ್ಯಪ್: ಎಲ್ಲ ಡಿಸೈನ್‌ಗೂ ಹೊಂದುವ ಒಂದೇ ಚಿತ್ರಭಾಷೆ ಕಲಿಯುವುದು ಹೇಗೆ?

ಪೋಸ್ಟರ್ ಕೈಗೆ ಹತ್ತಿದೆ, ಈಗ ಗೆಳೆಯನ ಕೆಫೆಯ ಒಳಾಂಗಣ ಒಪ್ಪಿಕೊಂಡಿದ್ದೇನೆ, ಮುಂದೆ ಸೀರೆ ಡಿಸೈನು, ಆ್ಯಪು ಕೂಡ ಮಾಡುವ ಆಸೆ ಅಂತ ಬರೆದಿದ್ದೀರಿ. ಯಾವ ಸಾಫ್ಟ್‌ವೇರ್, ಟ್ಯಾಬ್ಲೆಟ್ ಬೇಕಾ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಮೊದಲು ಹೇಳಿ, ಬಡಗಿಗೆ ಇನ್ನೂ ಪ್ಲೈವುಡ್ ತರಿಸಲು ಹೇಳಿಲ್ಲ ತಾನೇ?

ನಾನು ಹುಬ್ಬಳ್ಳಿಯಲ್ಲಿ ಡಿಟಿಪಿ ಮಾಡಿಕೊಂಡು ಬಂದವನು. ಮದುವೆ ಪತ್ರಿಕೆ, ಹ್ಯಾಂಡ್‌ಬಿಲ್, ಕ್ಯಾಲೆಂಡರ್, ಅಂಗಡಿಗಳ ಕ್ಯಾರಿಬ್ಯಾಗ್. ಅದರಲ್ಲಿ ಕೈ ಪಳಗಿತ್ತು. ಒಬ್ಬ ಸೀರೆ ಅಂಗಡಿ ಸಾಹುಕಾರರಿಗೆ ಲೋಗೋ ಮಾಡಿದೆ, ಸೀರೆ ಇಡುವ ಬಾಕ್ಸ್ ಮಾಡಿದೆ. ಎರಡೂ ಅವರಿಗೆ ಹಿಡಿಸಿದವು. ಹೊಸ ಶೋರೂಮ್ ತೆಗೆಯುವಾಗ ‘ಬಾಕ್ಸ್ ಮಾಡಿದವ್ರು ನೀವ, ಒಳಗಿಂದೂ ನೀವ ಮಾಡ್ರಿ. ಎಲ್ಲಾ ಒಂದ ನಮೂನಿ ಕಾಣಬೇಕ್ರಿ’ ಅಂದರು. ಕುಣಿದಾಡಿಕೊಂಡು ಒಪ್ಪಿದೆ. ಈಗ ನಿಮಗಿರುವ ನಂಬಿಕೆಯೇ ಆಗ ನನಗೂ ಇತ್ತು. ಡಿಸೈನ್ ಅಂದರೆ ಎಲ್ಲ ಕಡೆ ಒಂದೇ, ಐಡಿಯಾ ತಲೆಯಲ್ಲಿ ಸ್ಪಷ್ಟ ಇದ್ದರೆ ಸಾಕು, ಕಾಗದವೋ ಕಟ್ಟಿಗೆಯೋ ಅನ್ನುವುದು ಆಮೇಲಿನ ಮಾತು ಅಂತ.

ಐಡಿಯಾ ಚೆನ್ನಾಗಿಯೇ ಇತ್ತು, ಈಗಲೂ ಹೇಳುತ್ತೇನೆ. ಹಿಂದಿನ ಗೋಡೆ ಪೂರ್ತಿ ಖಾನೆಗಳು. ಖಾನೆಗಳ ತುಂಬ ನಾನೇ ಮಾಡಿದ ಬಾಕ್ಸ್‌ಗಳು. ಬಾಕ್ಸ್‌ಗಳ ಕೆಂಪು ಬಿಳಿ ಬಣ್ಣದಿಂದಲೇ ಗೋಡೆಯ ಮೇಲೆ ಇಳಕಲ್ ಸೀರೆಯ ಸೆರಗು ಮೂಡಬೇಕು. ಸ್ಕೆಚ್‌ಅಪ್ ಕಲಿತು 3ಡಿ ಚಿತ್ರ ತೆಗೆದೆ. ಮೇಲಿನಿಂದ ಬೆಳಕು, ಕೆಳಗೆ ಹೊಳೆಯುವ ನೆಲ. ಸಾಹುಕಾರರು ಅದನ್ನು ಮೊಬೈಲಿನಲ್ಲಿ ಬೀಗರಿಗೆಲ್ಲ ತೋರಿಸಿದರು. ಅದೇ ಚಿತ್ರವನ್ನು ಎ3 ಕಲರ್ ಪ್ರಿಂಟ್ ತೆಗೆದು ಬಡಗಿ ಮೇಸ್ತ್ರಿಯ ಕೈಗೂ ಕೊಟ್ಟೆ. ಅವರು ಬಹಳ ಹೊತ್ತು ನೋಡಿದರು. ‘ಚಿತ್ರ ಚಂದ ಐತ್ರಿ ಸರ. ಆದ್ರ ಇದರಾಗ ಕೊಯ್ಯಾಕ ಏನೈತಿ?’ ಅಂದರು.

ಈ ಮಾತು ತಮಾಷೆ ಅಂದುಕೊಂಡೆ. ‘ಗೋಡೆ 3600 ಮಿಲಿಮೀಟರ್ ಇದೆ, ಹತ್ತು ಸಮ ಭಾಗ ಮಾಡಿ, ಚಿತ್ರದಲ್ಲಿ ಕಾಣುತ್ತಲ್ಲ’ ಅಂದೆ. ‘ಒಳಗಿನ ಅಳತಿ ಎಷ್ಟ ಸಿಗಬೇಕ್ರಿ?’ ಅಂತ ಅವರು ಮತ್ತೆ ಕೇಳಿದರು. ‘ಸಮ ಇದ್ದರೆ ಸಾಕು’ ಅಂತ ಹೇಳಿ ಬೈಕ್ ಹತ್ತಿದೆ.

ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ, ನನ್ನ ದುಡ್ಡು ಹೋದದ್ದು ಇಲ್ಲೇ. ಬಾಕ್ಸಿನ ಅಗಲ 350 ಮಿ.ಮೀ. 3600ನ್ನು ಹತ್ತರಿಂದ ಭಾಗಿಸಿದರೆ 360. ಆ ಕಡೆ ಐದು, ಈ ಕಡೆ ಐದು, ಬಾಕ್ಸು ಸಲೀಸಾಗಿ ಕೂರುತ್ತದೆ. ಸ್ಕ್ರೀನಿನ ಮೇಲೆ ಕೂತಿತ್ತು ಕೂಡ. ಯಾಕೆಂದರೆ ನನ್ನ ತಲೆಯಲ್ಲಿದ್ದದ್ದು ಪುಟದ ಗ್ರಿಡ್. ಕ್ಯಾಲೆಂಡರ್ ಮಾಡುವಾಗ ವಾರಕ್ಕೆ ಏಳು ಕಾಲಂ ಅಂತ ಪುಟವನ್ನು ಏಳರಿಂದ ಭಾಗಿಸುತ್ತೇವೆ. ನಡುವಿನ ಗೆರೆ ಕಾಲು ಪಾಯಿಂಟ್ ದಪ್ಪ, ಅಂದರೆ ಕೂದಲೆಳೆಯಷ್ಟು, ಅದನ್ನು ಯಾರು ಲೆಕ್ಕಕ್ಕೆ ಹಿಡಿಯುತ್ತಾರೆ? ಬಾಕ್ಸಿನ ಡೈ ಡ್ರಾಯಿಂಗ್, ಅಂದರೆ ರಟ್ಟನ್ನು ಎಲ್ಲಿ ಕತ್ತರಿಸಬೇಕು, ಎಲ್ಲಿ ಮಡಿಸಬೇಕು ಅನ್ನುವ ಚಿತ್ರ, ಮಾಡುವಾಗಲೂ ಹಾಗೇ, ಆ ರಟ್ಟು ಅರ್ಧ ಮಿಲಿಮೀಟರೂ ಇರುವುದಿಲ್ಲ. ವರ್ಷಗಟ್ಟಲೆ ದಪ್ಪವೇ ಇಲ್ಲದ ಗೆರೆಗಳ ಜೊತೆ ಬದುಕಿದವನು ನಾನು. ಸ್ಕೆಚ್‌ಅಪ್ಪೂ ನನ್ನನ್ನು ತಡೆಯಲಿಲ್ಲ. ಅದರಲ್ಲಿ ನಾವು ಎಳೆದ ಮೇಲ್ಮೈಗೆ ನಾವೇ ದಪ್ಪ ಕೊಡದಿದ್ದರೆ ಅದಕ್ಕೆ ದಪ್ಪ ಇರುವುದಿಲ್ಲ. ಮುಂದಿನ ಅಂಚು ಎದ್ದು ಕಾಣಲಿ ಅಂತ ಒಂದು ಕಪ್ಪು ಗೆರೆ ಎಳೆದು ಬಿಟ್ಟಿದ್ದೆ.

ಆದರೆ ಮೇಸ್ತ್ರಿಗೆ ಗೆರೆ ಅಂದರೆ ಪ್ಲೈವುಡ್. 18 ಮಿ.ಮೀ. ಪ್ಲೈ, ಎರಡೂ ಬದಿಗೆ 1 ಮಿ.ಮೀ. ಲ್ಯಾಮಿನೇಟ್, ಒಟ್ಟು 20. ಹತ್ತು ಖಾನೆಗೆ ಹನ್ನೊಂದು ನಿಲುವು ಹಲಗೆ ಬೇಕು, ಎರಡು ಕೊನೆಯವೂ ಸೇರಿ. ಹನ್ನೊಂದು ಗುಣಿಸು ಇಪ್ಪತ್ತು, 220 ಮಿ.ಮೀ. ಹತ್ತಿರ ಹತ್ತಿರ ಒಂದು ಗೇಣು ಗೋಡೆಯನ್ನು ಹಲಗೆಗಳೇ ನುಂಗಿದವು. ಉಳಿದದ್ದು 3380. ಹತ್ತರಿಂದ ಭಾಗಿಸಿದರೆ ಖಾನೆಗೆ 338. ಬಾಕ್ಸು 350. ಹನ್ನೆರಡು ಮಿಲಿಮೀಟರ್ ಸಾಲದು. ನಿಮ್ಮ ಕಿರುಬೆರಳಿನ ಅಗಲದಷ್ಟು.

ಇದು ಗೊತ್ತಾದದ್ದು ಲ್ಯಾಮಿನೇಟ್ ಎಲ್ಲ ಅಂಟಿಸಿ, ಸ್ಟಾಕ್ ಜೋಡಿಸುವಾಗ. ಅಂಗಡಿಯ ಹುಡುಗ ಬಾಕ್ಸನ್ನು ನೂಕಿದ, ಹೋಗಲಿಲ್ಲ. ಅಡ್ಡ ತಿರುಗಿಸಿ ನೂಕಿದ, ಹೋಯಿತು, ಆದರೆ ಖಾನೆಯ ಆಳ 300, ಬಾಕ್ಸು ಐದು ಸೆಂಟಿಮೀಟರ್ ಹೊರಗೆ ಚಾಚಿಕೊಂಡಿತು. ಸೆರಗೂ ಇಲ್ಲ, ಪಟ್ಟೆಯೂ ಇಲ್ಲ, ಹೆಸರು ಬರೆದ ಬದಿ ಒಳಗೆ ಹೋಗಿ ಕೂತಿತ್ತು. ಬಾಕ್ಸನ್ನೇ ಚಿಕ್ಕದು ಮಾಡೋಣ ಅಂದರೆ ಪೂರ್ತಿ ಸ್ಟಾಕ್ ಅಚ್ಚಾಗಿ ಗೋದಾಮು ಸೇರಿತ್ತು. ದೀಪಾವಳಿ ಬೇರೆ ಹತ್ತಿರ.

ಹತ್ತರ ಬದಲು ಒಂಬತ್ತು ಖಾನೆ ಮಾಡಿದರೆ ಒಂದೊಂದಕ್ಕೆ 377 ಸಿಗುತ್ತದೆ. ಮಾಡಿದೆವು. ನಿಲುವು ಹಲಗೆಗಳನ್ನು ಕಿತ್ತು ಸರಿಸಬಹುದು, ಆದರೆ ಅಡ್ಡ ಹಲಗೆ? ಅವನ್ನೆಲ್ಲ 338ಕ್ಕೆ ಕೊಯ್ದಾಗಿತ್ತು. ಚಿಕ್ಕದಾಗಿ ಕೊಯ್ದ ಹಲಗೆಯನ್ನು ಉದ್ದ ಮಾಡಲು ಬರುವುದಿಲ್ಲ. ಗೋಡೆ ತುಂಬ ಇದ್ದ ಅಡ್ಡ ಹಲಗೆಗಳೆಲ್ಲ ದಂಡ. ನನ್ನ ಫೀಸು ಪೂರ್ತಿ ಅದಕ್ಕೇ ಹೋಯಿತು, ಸಾಲದೆ ಕೈಯಿಂದಲೂ ಕೊಟ್ಟೆ. ಸಾಹುಕಾರರು ಬೈಯಲಿಲ್ಲ. ಮುಂದಿನ ವರ್ಷದ ಕ್ಯಾಲೆಂಡರ್ ಕೆಲಸ ಬೇರೆಯವರಿಗೆ ಕೊಟ್ಟರು ಅಷ್ಟೆ.

ಈ ಕತೆ ಹೇಳಿದಾಗೆಲ್ಲ ಯಾರಾದರೂ ‘ಮೇಸ್ತ್ರಿ ಮೊದಲೇ ಹೇಳಬಾರದಿತ್ತಾ?’ ಅನ್ನುತ್ತಾರೆ. ಹೇಳಿದ್ದರಲ್ಲ! ಒಳಗಿನ ಅಳತೆ ಎಷ್ಟು ಸಿಗಬೇಕು ಅಂತ ಕೇಳಿದರು. ನಾನು ಸಮ ಅಂದೆ, ಅವರು ಸಮ ಮಾಡಿಕೊಟ್ಟರು. ಹತ್ತು ಖಾನೆಯಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇರಲಿಲ್ಲ. ಒಂದು ಖಾಲಿ ಬಾಕ್ಸನ್ನು ಅವರ ಕೈಗೆ ಕೊಟ್ಟು ‘ಇದು ಹಿಡಿಯಬೇಕು’ ಅಂದಿದ್ದರೆ ನನ್ನ ಕಲರ್ ಪ್ರಿಂಟಿಗಿಂತ ಅದೇ ಒಳ್ಳೆಯ ಡ್ರಾಯಿಂಗ್ ಆಗುತ್ತಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಎಲ್ಲ ಕಡೆ ಸಲ್ಲುವ ಒಂದು ಚಿತ್ರಭಾಷೆ ಅನ್ನುವುದು ಇಲ್ಲ. ಇದ್ದರೂ ಅದು ನಿಮ್ಮ ಸ್ಟೈಲು, ಪೋರ್ಟ್‌ಫೋಲಿಯೋ ಚೆನ್ನಾಗಿ ಕಾಣಲು ಸಾಕು. ಕೆಲಸಕ್ಕೆ ಬೇಕಾಗುವ ಚಿತ್ರ ಯಾವಾಗಲೂ ಒಬ್ಬರ ಕೈಗೆ ಹೋಗುತ್ತದೆ. ಅವರು ಅದನ್ನು ಹಿಡಿದು ಏನೋ ಒಂದನ್ನು ಕೊಯ್ಯುತ್ತಾರೆ, ಹೊಲಿಯುತ್ತಾರೆ, ಅಚ್ಚು ಹಾಕುತ್ತಾರೆ, ಕೋಡ್ ಬರೆಯುತ್ತಾರೆ. ಅವರಿಗೆ ಏನು ಬೇಕು ಅಂತ ತಿಳಿಯದೆ ‘ನನ್ನ ಐಡಿಯಾವನ್ನು ಹೇಗೆ ವ್ಯಕ್ತಪಡಿಸಲಿ’ ಅಂತ ಯೋಚಿಸುವುದು ಸುಮ್ನೆ ಟೈಮ್ ವೇಸ್ಟ್.

ಕಸೂತಿ ವಿಷಯದಲ್ಲಿ ನನಗೆ ಬುದ್ಧಿ ಬೇಗ ಬಂತು. ಧಾರವಾಡದ ಕಡೆ ಕಸೂತಿ ಹಾಕುವ ಒಬ್ಬ ಅಕ್ಕನ ಹತ್ತಿರ ನವಿಲಿನ ಚಿತ್ರ ಒಯ್ದಿದ್ದೆ. ಕೋರೆಲ್‌ಡ್ರಾದಲ್ಲಿ ಎಳೆದ ನುಣುಪಾದ ಬಾಗು, ಕತ್ತು ನೀರಿನ ಹಾಗೆ ಹರಿದಿತ್ತು. ಅವರು ಚಿತ್ರವನ್ನು ಹೊಗಳಲೂ ಇಲ್ಲ, ತೆಗಳಲೂ ಇಲ್ಲ. ‘ಕತ್ತು ಎಷ್ಟ ಎಳಿ ತಮ್ಮಾ?’ ಅಂದರು. ಕಸೂತಿ ನಿಂತಿರುವುದೇ ಎಣಿಕೆಯ ಮೇಲೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುವ ಪದ್ಧತಿ ಇಲ್ಲ. ನೇಯ್ಗೆಯ ಎಳೆ ಎಣಿಸಿ ಸೂಜಿ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಗವಂತಿ ಅನ್ನುವ ಹೊಲಿಗೆಯಲ್ಲಿ ದಾರ ಒಂದು ಸುತ್ತು ಹೋಗಿ, ಬಿಟ್ಟ ಜಾಗ ತುಂಬಿಕೊಂಡು ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ಅದಕ್ಕೇ ಬಟ್ಟೆಯ ಎರಡೂ ಕಡೆ ಒಂದೇ ಥರ ಕಾಣುವುದು. ಮುರ್ಗಿ ಅನ್ನುವ ಇನ್ನೊಂದು ಹೊಲಿಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಅಂದಮೇಲೆ ನನ್ನ ಬಾಗು ಎಲ್ಲಿ ಹೋಗಬೇಕು? ಮನೆಗೆ ಬಂದು ಗ್ರಾಫ್ ಹಾಳೆಯ ಮೇಲೆ, ಒಂದು ಚೌಕ ಇಷ್ಟು ಎಳೆ ಅಂತ ಇಟ್ಟುಕೊಂಡು, ಆ ನವಿಲನ್ನು ಮತ್ತೆ ಬರೆದೆ. ಹೊಸ ನವಿಲು ಗಟ್ಟಿಮುಟ್ಟಾಗಿ, ಸ್ವಲ್ಪ ಮೊಂಡಾಗಿ ಬಂತು. ನನ್ನ ಹಳೆಯ ನವಿಲಿಗಿಂತ ಚೆನ್ನಾಗಿತ್ತು. ಐಡಿಯಾ ಮೊದಲು, ಬಟ್ಟೆ ಆಮೇಲೆ ಅಂತ ಕೂತಿದ್ದರೆ ಅದು ಹುಟ್ಟುತ್ತಲೇ ಇರಲಿಲ್ಲ.

ಕಾಲೇಜಿನಲ್ಲಿ ನಿಮಗೆ ಹ್ಯಾರಿ ಬೆಕ್ ಕತೆ ಹೇಳಿರುತ್ತಾರೆ, ಗ್ಯಾರಂಟಿ. ಲಂಡನ್ ಅಂಡರ್‌ಗ್ರೌಂಡ್‌ನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದವರು, 1931ರಲ್ಲಿ ರೈಲು ನಕ್ಷೆಯನ್ನು ಸರ್ಕ್ಯೂಟ್ ಡ್ರಾಯಿಂಗ್ ಥರ ಬರೆದರು, 1933ರಲ್ಲಿ ಅದು ಅಚ್ಚಾಯಿತು. ಅಡ್ಡ, ಉದ್ದ, 45 ಡಿಗ್ರಿ ಓರೆ, ಮೂರೇ ಬಗೆಯ ಗೆರೆ. ಒಂದು ಕ್ಷೇತ್ರದ ಭಾಷೆ ಇನ್ನೊಂದಕ್ಕೆ ಸಲೀಸಾಗಿ ಹೋಯಿತು ನೋಡಿ ಅಂತ ಎಲ್ಲರೂ ಇದನ್ನೇ ಉದಾಹರಣೆ ಕೊಡುತ್ತಾರೆ. ನನಗೆ ಕಾಣುವುದು ಬೇರೆ. ಸುರಂಗದಲ್ಲಿ ಕೂತ ಪ್ರಯಾಣಿಕನಿಗೆ ಮೇಲೆ ಯಾವ ಬೀದಿ ಇದೆ ಅನ್ನುವುದು ಬೇಡ, ಎಲ್ಲಿ ಇಳಿಯಬೇಕು, ಎಲ್ಲಿ ರೈಲು ಬದಲಿಸಬೇಕು ಅಷ್ಟೇ ಬೇಕು. ಬೆಕ್ ಅದನ್ನು ಹಿಡಿದರು. ನಗರದ ಮಧ್ಯಭಾಗವನ್ನು ಹಿಗ್ಗಿಸಿದರು, ಹೊರವಲಯವನ್ನು ಕುಗ್ಗಿಸಿದರು, ದೂರದ ಲೆಕ್ಕ ಕೈಬಿಟ್ಟರು. ಅದೇ ನಕ್ಷೆಯನ್ನು ಸುರಂಗ ತೋಡುವ ಎಂಜಿನಿಯರ್ ಕೈಗೆ ಕೊಟ್ಟು ನೋಡಿ! ನಮ್ಮ ಮೆಟ್ರೋದಲ್ಲೂ ಅಷ್ಟೇ, ಮೆಜೆಸ್ಟಿಕ್‌ನಲ್ಲಿ ನೇರಳೆಯಿಂದ ಹಸಿರಿಗೆ ಬದಲಿಸಬೇಕು ಅಂತ ತಿಳಿದರೆ ಸಾಕು, ಅದು ಮಣ್ಣಿನಲ್ಲಿ ಎಷ್ಟು ಆಳದಲ್ಲಿದೆ ಅಂತ ಯಾರು ಕೇಳುತ್ತಾರೆ?

ಇನ್ನೊಂದು ವಿಷಯ, ಎಲ್ಲವನ್ನೂ ಚಿತ್ರದಲ್ಲೇ ಹೇಳಬೇಕು ಅನ್ನುವ ಹಟ ಯಾಕೆ? ಅಮೆರಿಕದ ಡಿಸೈನರ್‌ಗಳಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಡಿಸೈನ್ ಬಗ್ಗೆ ಒಂದು ವರದಿ ಕೊಟ್ಟರು. ಅಹಮದಾಬಾದಿನ ಎನ್‌ಐಡಿ ಅನ್ನುವ ಡಿಸೈನ್ ಕಲಿಸುವ ಸಂಸ್ಥೆ 1961ರಲ್ಲಿ ಶುರುವಾದದ್ದಕ್ಕೆ ಅದೂ ಕಾರಣ. ಅದರಲ್ಲಿ ಅವರು ಮೆಚ್ಚಿ ಬರೆದದ್ದು ಲೋಟಾ ಬಗ್ಗೆ, ಅಂದರೆ ನಮ್ಮ ಚೊಂಬು. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೋ ಸೊಂಟದ ಮೇಲೋ, ತುಂಬಿದಾಗ ತೂಕ ಎಲ್ಲಿ ಬೀಳುತ್ತದೆ, ಖಾಲಿ ಇದ್ದಾಗ ಎಲ್ಲಿ, ಬಗ್ಗಿಸಿದಾಗ ಹೇಗೆ ಸುರಿಯುತ್ತದೆ, ನೆಲಕ್ಕಿಟ್ಟರೆ ಸದ್ದು ಹೇಗೆ. ಇವೆಲ್ಲ ಮಾತಿನಲ್ಲಿ ಬರೆದ ಪಟ್ಟಿ. ಅಷ್ಟು ಓದಿದವರಿಗೆ ಚೊಂಬು ಕಣ್ಣಿಗೆ ಕಟ್ಟುತ್ತದೆ.

ಕೆಫೆಗೆ ಬರೋಣ. 3ಡಿ ಚಿತ್ರ ನಿಮ್ಮ ಗೆಳೆಯನಿಗೆ ತೋರಿಸಿ, ಬೇಡ ಅನ್ನುವುದಿಲ್ಲ, ಮಾಲೀಕರಿಗೆ ಅದೇ ಬೇಕು. ಈಗ ಎಐ ಕೂಡ ಕೂತಲ್ಲೇ ಕೆಫೆಯ ಚಿತ್ರ ಮಾಡಿಕೊಡುತ್ತದೆ, ಅದರಲ್ಲೂ ಪ್ಲೈವುಡ್‌ಗೆ ದಪ್ಪ ಇರುವುದಿಲ್ಲ. ಬಡಗಿಗೆ ಪ್ಲಾನ್ (ಮೇಲಿನಿಂದ ಕಾಣುವುದು), ಎಲಿವೇಶನ್ (ಎದುರಿನಿಂದ ಕಾಣುವುದು), ಸೆಕ್ಷನ್ (ಕೊಯ್ದರೆ ಒಳಗೆ ಕಾಣುವುದು) ಕೊಡಿ, ಕಪ್ಪು ಗೆರೆಯಲ್ಲಿ, ಮಿಲಿಮೀಟರಿನಲ್ಲಿ. ಒಳ ಅಳತೆ ಯಾವುದು, ಹೊರ ಅಳತೆ ಯಾವುದು ಅಂತ ಬರೆದೇ ಬರೆಯಿರಿ. ಕೌಂಟರ್ ಎಲ್ಲಿ ಬರುತ್ತದೋ ಅಲ್ಲಿ ನೆಲದ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಕೈಯಲ್ಲಿ ಟ್ರೇ ಹಿಡಿದು ಓಡಾಡಿ. ಬೋರ್ಡಿನ ಅಕ್ಷರ ಎಷ್ಟು ದೊಡ್ಡದಿರಬೇಕು ಅಂತ ಸ್ಕ್ರೀನ್ ನೋಡಿ ತೀರ್ಮಾನ ಮಾಡಬೇಡಿ. ಬೋರ್ಡ್ ಮಾಡುವವರಲ್ಲಿ 10 ಅಡಿ ದೂರಕ್ಕೆ 1 ಇಂಚು ಅಕ್ಷರ ಅನ್ನುವ ಲೆಕ್ಕ ಇದೆ, ಆದರೆ ಅದು ಇಂಗ್ಲಿಷ್ ದೊಡ್ಡಕ್ಷರದ್ದು. ಕನ್ನಡದ ಸುರುಳಿಗಳಿಗೆ, ಒತ್ತುಗಳಿಗೆ ಇನ್ನೂ ಜಾಸ್ತಿ ಬೇಕು. ನಿಜವಾದ ಅಳತೆಯಲ್ಲಿ ಎರಡು ಅಕ್ಷರ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ರಸ್ತೆ ದಾಟಿ ಹೋಗಿ ನೋಡಿ.

ಆ್ಯಪ್ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ, ಮಾಡಿದ್ದು ಕಡಿಮೆ. ಒಂದು ಮಾತ್ರ ಗೊತ್ತು. ಪೋಸ್ಟರ್ ಮಾಡುವವರು ಸ್ಕ್ರೀನನ್ನೂ ಒಂದು ಪೋಸ್ಟರ್ ಅಂತಲೇ ಬರೆದುಕೊಡುತ್ತಾರೆ. ನೆಟ್ ಇಲ್ಲದಿದ್ದರೆ ಏನು ಕಾಣಬೇಕು, ಪಟ್ಟಿ ಖಾಲಿ ಇದ್ದರೆ ಏನು, ಯಾರದೋ ಹೆಸರು ಎರಡು ಸಾಲಿಗೆ ಹೋದರೆ ಏನು ಅನ್ನುವುದು ಅದರಲ್ಲಿ ಇರುವುದಿಲ್ಲ. ಡೆವಲಪರ್ ಫೋನ್ ಮಾಡಿ ಕೇಳುವುದು ಅದನ್ನೇ. ಕನ್ನಡದ ಸ್ಕ್ರೀನ್ ಆದರೆ ಎಲ್ಲ ಬಟನ್ನಿನಲ್ಲೂ ಒಮ್ಮೆ ‘ರಾಷ್ಟ್ರ’, ‘ಸ್ತ್ರೀ’ ಅಂತ ಹಾಕಿ ನೋಡಿ, ಕೆಳಗಿನ ಒತ್ತು ಕತ್ತರಿಸಿ ಹೋಗುತ್ತದೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಸಾಫ್ಟ್‌ವೇರ್ ಯಾವುದಾದರೂ ನಡೆಯುತ್ತದೆ, ನಿಮಗೆ ಬರುವುದರಲ್ಲೇ ಮಾಡಿ. ಟ್ಯಾಬ್ಲೆಟ್ ಈಗ ಬೇಡ. ಐದು ಮೀಟರಿನ ಸ್ಟೀಲ್ ಟೇಪ್, ಹಲಗೆಯ ದಪ್ಪ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್, ಒಂದು ಗ್ರಾಫ್ ಪುಸ್ತಕ ತಗೊಳ್ಳಿ. ನಾಳೆಯೇ ಕೆಫೆಯ ಮೇಸ್ತ್ರಿಯ ಹತ್ತಿರ ಹೋಗಿ, ಅವರು ಬೇರೆ ಎಲ್ಲಾದರೂ ಈಗ ಮಾಡುತ್ತಿರುವ ಕೆಲಸದ ಡ್ರಾಯಿಂಗ್ ತೋರಿಸಿ ಅಂತ ಕೇಳಿ. ಊಟದ ಹೊತ್ತಿಗೆ ಹೋಗಬೇಡಿ, ಸಂಜೆ ಚಹಾದ ಹೊತ್ತಿಗೆ ಹೋಗಿ. ಆ ಹಾಳೆಯ ಮೇಲೆ ಅವರು ಪೆನ್ಸಿಲ್‌ನಲ್ಲಿ ಏನೇನು ಬರೆದುಕೊಂಡಿದ್ದಾರೆ ನೋಡಿ, ನಿಮ್ಮ ಡ್ರಾಯಿಂಗ್‌ನಲ್ಲಿ ಅದನ್ನೆಲ್ಲ ನೀವೇ ಮೊದಲೇ ಬರೆದು ಕೊಡಿ.