ಸೊರಗಿದ ಗಿಡಕ್ಕೆ ಹಿಂಡಿ ಹಾಕಬಹುದಾ?

ಪ್ರಶ್ನೆ: ಮೇಡಂ, ಬೆಂಗಳೂರಿನಲ್ಲಿ ಮೂರನೇ ಮಹಡಿಯ ಫ್ಲ್ಯಾಟ್‌ನಲ್ಲಿದ್ದೇವೆ. ಹಾಲ್‌ನಲ್ಲಿ ಟಿವಿ ಪಕ್ಕ ಒಂದು ಪೀಸ್ ಲಿಲಿ, ಒಂದು ಮನಿ ಪ್ಲಾಂಟ್ ಇವೆ. ದಿನಾ ಬೆಳಿಗ್ಗೆ ತಪ್ಪದೆ ಒಂದೊಂದು ಲೋಟ ನೀರು ಹಾಕುತ್ತೇನೆ. ಮಳೆಗಾಲ ಶುರುವಾದ ಮೇಲೆ ಎಲೆ ಹಳದಿಯಾಗಿ ಜೋತುಬಿದ್ದವು. ಶಕ್ತಿ ಬರಲಿ ಅಂತ ಒಂದು ಹಿಡಿ ಕಡಲೆಕಾಯಿ ಹಿಂಡಿ ಹಾಕಿದೆ. ಒಂದು ವಾರ ಬಿಟ್ಟು 19:19:19 ಗೊಬ್ಬರವನ್ನು ಲೀಟರಿಗೆ ಎರಡು ಚಮಚ ಕಲಸಿ ಕೊಟ್ಟೆ. ಈಗ ಇನ್ನೂ ಹಾಳಾಗಿವೆ. ಮುಂದೆ ಏನು ಹಾಕಲಿ?

ಉತ್ತರ: ಸದ್ಯಕ್ಕೆ ಏನೂ ಹಾಕಬೇಡಿ. ನೀರೂ ಬೇಡ. ಮೊದಲು ಗಿಡವನ್ನು ಪಾಟ್‌ನಿಂದ ಹೊರಗೆ ತೆಗೆದು ಬೇರು ನೋಡಬೇಕು.

ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಸಂದುಗಳಲ್ಲಿ ಯಾವಾಗಲೂ ನೀರೇ ತುಂಬಿಕೊಂಡಿದ್ದರೆ ಬೇರಿಗೆ ಉಸಿರು ಕಟ್ಟುತ್ತದೆ, ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರುವುದಿಲ್ಲ. ಹಾಗಾಗಿ ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತದೆ. ಬಾಡಿದ್ದನ್ನು ನೋಡಿ ನಾವು ಇನ್ನೊಂದು ಲೋಟ ಸುರಿಯುತ್ತೇವೆ! ಪೀಸ್ ಲಿಲಿಯಲ್ಲಂತೂ ಇದು ಇನ್ನೂ ಮೋಸ. ನೀರು ಕಡಿಮೆಯಾದರೂ ಅದು ಜೋತುಬೀಳುತ್ತದೆ, ಜಾಸ್ತಿಯಾದರೂ ಜೋತುಬೀಳುತ್ತದೆ. ಎಲೆ ನೋಡಿದರೆ ಗೊತ್ತಾಗುವುದಿಲ್ಲ, ಮಣ್ಣು ಮುಟ್ಟಬೇಕು. ಮಣ್ಣು ಒಣಗಿ ಪಾಟ್ ಹಗುರಾಗಿದ್ದರೆ ಬಾಯಾರಿಕೆ. ಮಣ್ಣು ಹಸಿ ಇದ್ದೂ ಬಾಡಿದ್ದರೆ ಬೇರಿನ ತೊಂದರೆ.

ಇನ್ನು ನೀವು ಕೊಟ್ಟ ಊಟದ ಮಾತು. ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಏನಾಗುತ್ತದೆ? ಹೋಳು ನೀರು ಬಿಡುತ್ತದೆ ಅಲ್ವಾ? ರಾಸಾಯನಿಕ ಗೊಬ್ಬರವೂ ಉಪ್ಪೇ. ಜಾಸ್ತಿಯಾದರೆ ಬೇರಿನಿಂದಲೇ ನೀರು ಎಳೆಯುತ್ತದೆ. 19:19:19 ಅಂದರೆ 100 ಗ್ರಾಂ ಪುಡಿಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ತಲಾ 19 ಗ್ರಾಂ ಲೆಕ್ಕ. ಒಂದು ಟೀ ಚಮಚ ಸುಮಾರು 5 ಗ್ರಾಂ. ನೀವು ಲೀಟರಿಗೆ 10 ಗ್ರಾಂ ಕೊಟ್ಟಿದ್ದೀರಿ. ಮನೆಯೊಳಗಿನ, ಅದೂ ಆರೋಗ್ಯವಾಗಿರುವ ಗಿಡಕ್ಕೆ ತಿಂಗಳಿಗೊಮ್ಮೆ ಲೀಟರಿಗೆ ಅರ್ಧ ಗ್ರಾಂ ಸಾಕು. ಪ್ಯಾಕೆಟ್ ಮೇಲೆ ಬರೆದಿರುವ ಪ್ರಮಾಣ ಹೊಲದಲ್ಲಿ ಇಡೀ ದಿನ ಬಿಸಿಲು ತಿನ್ನುವ ಬೆಳೆಗೆ. ನಿಮ್ಮ ಟಿವಿ ಪಕ್ಕದ ಗಿಡಕ್ಕಲ್ಲ.

ಕಡಲೆಕಾಯಿ ಹಿಂಡಿಯೂ ಅಷ್ಟೇ. ತೋಟದಲ್ಲಿ ಅದು ಚಿನ್ನ. ಅಂಗೈಯಗಲದ ಪಾಟ್‌ನಲ್ಲಿ, ಒದ್ದೆ ಮಣ್ಣಿನಲ್ಲಿ, ಗಾಳಿಯಾಡದ ಕಡೆ ಅದು ಕೊಳೆತು ನಾರುತ್ತದೆ, ಇದ್ದ ಸ್ವಲ್ಪ ಗಾಳಿಯನ್ನೂ ಕಬಳಿಸುತ್ತದೆ. ಜ್ವರ ಬಂದು ಗಂಜಿಯೂ ಇಳಿಯದವರ ಮುಂದೆ ಹೋಳಿಗೆ ತುಪ್ಪ ಇಟ್ಟ ಹಾಗೆ.

ಈಗ ಮಾಡಬೇಕಾದ್ದು. ಹಳೇ ಪೇಪರ್ ಹಾಸಿ, ಪಾಟನ್ನು ಮಗುಚಿ, ಗಿಡವನ್ನು ಮೆಲ್ಲಗೆ ಬಿಡಿಸಿ. ಒಳ್ಳೆಯ ಬೇರು ಬೆಳ್ಳಗೆ ಗಟ್ಟಿಯಾಗಿರುತ್ತದೆ. ಕೊಳೆತದ್ದು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಿರುತ್ತದೆ, ಎಳೆದರೆ ಸಿಪ್ಪೆ ಜಾರಿ ಒಳಗೆ ದಾರದಂಥ ಎಳೆ ಉಳಿಯುತ್ತದೆ. ಚರಂಡಿ ವಾಸನೆಯೂ ಬರಬಹುದು. ಕೊಳೆತದ್ದನ್ನೆಲ್ಲ ಚೊಕ್ಕ ಕತ್ತರಿಯಿಂದ ತೆಗೆಯಿರಿ. ಪೂರ್ತಿ ಹಳದಿಯಾದ ಎಲೆಗಳನ್ನೂ ತೆಗೆಯಿರಿ. ಹಿಂಡಿ ಬೆರೆತ ಹಳೇ ಮಣ್ಣು ಬೇಡವೇ ಬೇಡ. ಎರಡು ಪಾಲು ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಕೆಮ್ಮಣ್ಣು, ಒಂದು ಪಾಲು ದಪ್ಪ ಮರಳು ಅಥವಾ ಪರ್ಲೈಟ್ (ಹಗುರಾದ ಬಿಳಿ ಕಲ್ಲಿನ ಹರಳು) ಕಲಸಿ ಹೊಸದಾಗಿ ನೆಡಿ. ಉಳಿದ ಬೇರಿಗೆ ಹೊಂದುವಷ್ಟೇ ಸಣ್ಣ ಪಾಟ್ ಇರಲಿ. ದೊಡ್ಡ ಪಾಟ್‌ನಲ್ಲಿ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆ ಇರುತ್ತದೆ. ಒಮ್ಮೆ ನೀರು ಕೊಟ್ಟು ತಳದಿಂದ ಪೂರ್ತಿ ಬಸಿಯಲು ಬಿಡಿ. ಆಮೇಲೆ ಬಿಸಿಲು ನೇರ ಬೀಳದ, ಆದರೆ ಬೆಳಕು ಚೆನ್ನಾಗಿರುವ ಕಿಟಕಿ ಹತ್ತಿರ ಇಡಿ. ಹೊಸ ಎಲೆ ಬಿಚ್ಚುವವರೆಗೆ ಗೊಬ್ಬರದ ಸುದ್ದಿ ಎತ್ತಬೇಡಿ. ಅದಕ್ಕೆ ತಿಂಗಳು, ಒಂದೂವರೆ ತಿಂಗಳು ಹಿಡಿದರೂ ಗಾಬರಿ ಬೇಡ.

ಮನಿ ಪ್ಲಾಂಟ್ ವಿಷಯದಲ್ಲಿ ಇನ್ನೊಂದು ದಾರಿ ಇದೆ. ಚೆನ್ನಾಗಿರುವ ಬಳ್ಳಿಯ ತುದಿಯನ್ನು ಗೆಣ್ಣು ಸಮೇತ ಕತ್ತರಿಸಿ ಒಂದು ಬಾಟಲಿ ನೀರಿನಲ್ಲಿಡಿ. ಮೂಲ ಗಿಡ ಹೋದರೂ ಮರಿ ಉಳಿಯುತ್ತದೆ. ಪೀಸ್ ಲಿಲಿ ಎಲೆ ಕತ್ತರಿಸಿಟ್ಟರೆ ಬೇರು ಬರುವುದಿಲ್ಲ, ಅದರ ಬುಡದ ಮರಿಗಳನ್ನೇ ಬಿಡಿಸಿ ನೆಡಬೇಕು.

ಮುಂದಕ್ಕೆ ದಿನಕ್ಕೊಂದು ಲೋಟದ ಲೆಕ್ಕ ಬಿಟ್ಟುಬಿಡಿ. ಮಾರ್ಚ್-ಏಪ್ರಿಲ್‌ನಲ್ಲಿ ಮೂರು ದಿನಕ್ಕೆ ಒಣಗುವ ಪಾಟ್, ಮೋಡ ಕವಿದ ಜುಲೈನಲ್ಲಿ ಹತ್ತು ದಿನವಾದರೂ ಹಸಿ ಇರಬಹುದು. ಕೊಕೊಪೀಟ್ ಇನ್ನೂ ಕಳ್ಳ. ಮೇಲೆ ಒಣಗಿ ತಿಳಿ ಕಂದು ಕಾಣುತ್ತದೆ, ಬೆರಳು ಇಳಿಸಿದರೆ ಒಳಗೆ ಒದ್ದೆ. ತೆಂಗಿನ ಪೊರಕೆಯ ಒಂದು ಕಡ್ಡಿ ತೆಗೆದು ತಳದ ತನಕ ಚುಚ್ಚಿ, ಎರಡು ನಿಮಿಷ ಬಿಟ್ಟು ಎಳೆಯಿರಿ. ಮಣ್ಣು ಅಂಟಿಕೊಂಡು ಬಂದರೆ ಇವತ್ತು ನೀರಿಲ್ಲ. ಇನ್ನೂ ಸುಲಭ ಅಂದರೆ ಪಾಟ್ ಎತ್ತಿ ನೋಡುವುದು. ಒಂದು ಲೀಟರ್ ನೀರು ಅಂದರೆ ಒಂದು ಕಿಲೋ. ನಾಲ್ಕು ಸಲ ಎತ್ತಿದರೆ ಕೈಗೇ ತೂಕ ಗೊತ್ತಾಗುತ್ತದೆ. ಕೊಡುವಾಗ ಮಾತ್ರ ತಳದಿಂದ ಹರಿಯುವಷ್ಟು ಕೊಡಿ, ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿ.

ಅಂದಹಾಗೆ, ಪಾಟ್‌ನ ತಳದಲ್ಲಿ ತೂತು ಇದೆ ತಾನೇ? ನನ್ನ ಮೊದಲ ಪೀಸ್ ಲಿಲಿಯನ್ನು ನಾನೇ ಕೊಂದೆ, ತೂತಿಲ್ಲದ ಚೆಂದದ ಪಿಂಗಾಣಿ ಪಾಟ್‌ನಲ್ಲಿಟ್ಟು. ತಳಕ್ಕೆ ಜಲ್ಲಿ ಹಾಕಿದ್ದೇನೆ, ನೀರು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿಯಲ್ಲ. ಸಣ್ಣ ಕಣದ ಮಣ್ಣು ಪೂರ್ತಿ ನೆನೆದು ತುಂಬುವವರೆಗೆ ನೀರು ಕೆಳಗಿನ ಜಲ್ಲಿಗೆ ಹೋಗುವುದೇ ಇಲ್ಲ. ಜಲ್ಲಿ ಹಾಕಿದಷ್ಟೂ ಆ ಕೆಸರಿನ ಪದರ ಬೇರಿಗೆ ಹತ್ತಿರವಾಗುತ್ತದೆ, ಅಷ್ಟೇ. ತೂತಿನ ಮೇಲೆ ಒಂದು ಹೆಂಚಿನ ಚೂರು ಅಥವಾ ಸೊಳ್ಳೆ ಜಾಲರಿ ತುಂಡು ಸಾಕು.

ಪ್ರಶ್ನೆ: ನಮ್ಮದು ವಿಜಯಪುರ. ಬೋರಿನ ನೀರು ಬಹಳ ಸವಳು. ಸ್ಪೈಡರ್ ಪ್ಲಾಂಟ್ ಮತ್ತು ಡ್ರಸೀನ ಎಲೆಗಳ ತುದಿ ಸುಟ್ಟಂತಾಗುತ್ತದೆ. ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿದೆ. ನೀರು ವೇಸ್ಟ್ ಆಗಬಾರದು ಅಂತ ಆರ್‌ಒ ಮಷಿನ್ ಹೊರಬಿಡುವ ನೀರನ್ನೇ ಹಾಕುತ್ತಿದ್ದೇವೆ. ಕುದಿಸಿ ಆರಿಸಿ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ನೀರು ಉಳಿಸುವ ನಿಮ್ಮ ಮನಸ್ಸು ದೊಡ್ಡದು. ಆದರೆ ಆ ನೀರು ನೆಲ ಒರೆಸಲು, ಟಾಯ್ಲೆಟ್‌ಗೆ ಇರಲಿ. ಆರ್‌ಒ ಮಷಿನ್ ಕುಡಿಯುವ ನೀರಿನಿಂದ ತೆಗೆದ ಉಪ್ಪನ್ನೆಲ್ಲ ಈ ಹೊರಬಿಡುವ ನೀರಿಗೇ ತಳ್ಳುತ್ತದೆ. ಅಂದರೆ ಸವಳು ನೀರಿಗಿಂತ ಸವಳಾದ ನೀರನ್ನು ಗಿಡಕ್ಕೆ ಕುಡಿಸುತ್ತಿದ್ದೀರಿ. ಕೂಲರ್ ಟ್ಯಾಂಕಿನಲ್ಲಿ ಉಳಿದ ನೀರೂ ಬೇಡ, ನೀರು ಆವಿಯಾದಂತೆ ಅದರಲ್ಲಿ ಉಪ್ಪು ಗಟ್ಟಿಯಾಗುತ್ತಾ ಹೋಗುತ್ತದೆ. ಎಸಿಯಿಂದ ತೊಟ್ಟಿಕ್ಕುವ ನೀರು ಇದಕ್ಕೆ ತದ್ವಿರುದ್ಧ. ಅದು ಗಾಳಿಯ ತೇವವೇ ಹನಿಯಾಗಿ ಬಿದ್ದದ್ದು, ಉಪ್ಪು ಇಲ್ಲವೆನ್ನುವಷ್ಟು ಕಡಿಮೆ. ಬಕೆಟ್ ಇಟ್ಟು ಹಿಡಿಯಿರಿ. ಮಳೆ ನೀರು ಸಿಕ್ಕರೆ ಇನ್ನೂ ಒಳ್ಳೆಯದು.

ಕುದಿಸಿದರೆ ಸ್ವಲ್ಪ ಸುಣ್ಣ ಪಾತ್ರೆಯ ತಳಕ್ಕೆ ಕಟ್ಟುತ್ತದೆ, ಉಳಿದ ಉಪ್ಪು ನೀರಿನಲ್ಲೇ ಇರುತ್ತದೆ. ಸುಮ್ನೆ ಗ್ಯಾಸ್ ಖರ್ಚು. ನೀರು ಮೆದುಗೊಳಿಸುವ ಸಾಫ್ಟ್‌ನರ್ ಕೂಡ ಪರಿಹಾರವಲ್ಲ. ಅದು ಸುಣ್ಣದಂಶ ತೆಗೆದು ಬದಲಿಗೆ ಸೋಡಿಯಂ ಬಿಡುತ್ತದೆ. ಬಟ್ಟೆಗೆ ಒಳ್ಳೆಯದು, ಗಿಡಕ್ಕಲ್ಲ.

ನೀವು ಹೇಳಿದ ಎರಡೂ ಗಿಡಗಳಿಗೆ ಫ್ಲೋರೈಡ್ ಕಂಡರೆ ಆಗದು. ಉತ್ತರ ಕರ್ನಾಟಕದ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ನಿಮಗೆ ಗೊತ್ತೇ ಇದೆ. ಮಣ್ಣಿನ ಮೇಲಿನ ಬಿಳಿ ಪದರವನ್ನು ಅರ್ಧ ಇಂಚು ಕೆರೆದು ತೆಗೆಯಿರಿ. ಪಾಟ್ ಹಿಡಿಯುವ ಮಣ್ಣಿನ ಎರಡರಷ್ಟು ಸಿಹಿ ನೀರನ್ನು ನಿಧಾನವಾಗಿ ಸುರಿದು ತಳದಿಂದ ಹರಿಸಿಬಿಡಿ. ಎರಡು ಮೂರು ತಿಂಗಳಿಗೊಮ್ಮೆ ಹೀಗೆ ತೊಳೆದರೆ ಸಾಕು. ಅಷ್ಟೂ ಎಸಿ ನೀರು ಕೂಡಿಡುವುದು ಕಷ್ಟವಾದರೆ ಮಳೆ ಬರುವ ದಿನ ಪಾಟನ್ನು ಅಂಗಳದಲ್ಲಿ ಇಟ್ಟುಬಿಡಿ. ಸುಟ್ಟ ತುದಿ ಮತ್ತೆ ಹಸಿರಾಗುವುದಿಲ್ಲ. ಕಣ್ಣಿಗೆ ಕಿರಿಕಿರಿಯಾದರೆ ಕತ್ತರಿಸಿ, ಹೊಸ ಎಲೆ ಹೇಗೆ ಬರುತ್ತದೆ ಅಂತ ನೋಡಿ.

ಪ್ರಶ್ನೆ: ಮಂಗಳೂರಿನಿಂದ ಬರೆಯುತ್ತಿದ್ದೇನೆ. ಗಿಡಕ್ಕೆ ಒಳ್ಳೆಯದೆಂದು ಅಕ್ಕಿ ತೊಳೆದ ನೀರು, ಟೀ ಚರಟ, ಮೊಟ್ಟೆ ಸಿಪ್ಪೆ ಹಾಕುತ್ತೇವೆ. ಈಗ ಪಾಟ್ ಸುತ್ತ ಸಣ್ಣ ಕಪ್ಪು ನೊಣಗಳು. ಅತ್ತೆಯವರು ಗಿಡಗಳನ್ನೇ ಹೊರಗೆ ಹಾಕಿ ಅನ್ನುತ್ತಿದ್ದಾರೆ.

ಉತ್ತರ: ಅತ್ತೆಯವರ ಸಿಟ್ಟಿಗೆ ಕಾರಣ ಗಿಡವಲ್ಲ, ಅಡುಗೆಮನೆಯಿಂದ ಬಂದ ನೈವೇದ್ಯ. ಅಕ್ಕಿ ತೊಳೆದ ನೀರಿನ ಗಂಜಿ, ಹಾಲು ಸಕ್ಕರೆ ಬೆರೆತ ಟೀ ಚರಟ ಒದ್ದೆ ಮಣ್ಣಿನ ಮೇಲೆ ಬೂಷ್ಟು ಹಿಡಿಸುತ್ತವೆ. ಆ ನೊಣದ ಹುಳುಗಳಿಗೆ ಅದೇ ಊಟ. ಎಲ್ಲವನ್ನೂ ನಿಲ್ಲಿಸಿ. ಮೇಲಿನ ಒಂದು ಇಂಚು ಮಣ್ಣು ತೆಗೆದು ದಪ್ಪ ಮರಳು ಹಾಕಿ. ಮೇಲಿನ ಎರಡು ಇಂಚು ಒಣಗುವವರೆಗೆ ನೀರು ಕೊಡಬೇಡಿ. ಹಳದಿ ಅಂಟು ಕಾರ್ಡ್ ಸಿಕ್ಕಿಸಿದರೆ ಹಾರುವ ನೊಣ ಅಂಟಿಕೊಳ್ಳುತ್ತದೆ. ಮೊಟ್ಟೆಯಿಂದ ನೊಣದವರೆಗೆ ಮೂರು ನಾಲ್ಕು ವಾರ ಬೇಕು. ಹಾಗಾಗಿ ಒಂದು ತಿಂಗಳು ಬಿಡದೆ ಮಾಡಿ, ವಾರಕ್ಕೇ ಕಡಿಮೆಯಾಯಿತೆಂದು ನಿಲ್ಲಿಸಬೇಡಿ. ನಿಮ್ಮ ಕಡೆಯ ಮಳೆಗಾಲದಲ್ಲಿ ಮಣ್ಣು ಒಣಗುವುದೇ ಕಷ್ಟ ಅಂತ ಗೊತ್ತು, ಫ್ಯಾನ್ ಗಾಳಿ ತಾಗುವ ಕಡೆ ಇಡಿ.

ಮೊಟ್ಟೆ ಸಿಪ್ಪೆ ಪಾಟ್‌ನಲ್ಲಿ ಕರಗಲು ವರ್ಷಗಳೇ ಬೇಕು. ಚರಟ, ಸಿಪ್ಪೆ ಎಲ್ಲ ಹೊರಗಿನ ತೆಂಗಿನ ಬುಡಕ್ಕೆ ಹೋಗಲಿ.

ಪ್ರಶ್ನೆ: ಶಿವಮೊಗ್ಗದ ನಮ್ಮ ಆಫೀಸಿನಲ್ಲಿ ಒಂದು ಜೀಜೀ ಪ್ಲಾಂಟ್ ಇದೆ. ಎಂಟು ತಿಂಗಳಿಂದ ಒಂದೂ ಹೊಸ ಚಿಗುರಿಲ್ಲ. ವಾರಕ್ಕೊಮ್ಮೆ ನೀರು, ತಿಂಗಳಿಗೊಮ್ಮೆ ಎರೆಗೊಬ್ಬರ ಕೊಡುತ್ತೇವೆ. ಗೊಬ್ಬರ ಜಾಸ್ತಿ ಮಾಡಬೇಕೇ?

ಉತ್ತರ: ಕಿಟಕಿ ಎಷ್ಟು ದೂರ ಇದೆ ಅಂತ ನೀವು ಬರೆದಿಲ್ಲ. ದೂರವೇ ಇರಬೇಕು ಅಂದುಕೊಳ್ಳುತ್ತೇನೆ. ಗಿಡ ಅಡುಗೆ ಮಾಡುವುದು ಬೆಳಕಿನಿಂದ, ಗೊಬ್ಬರ ಬರೀ ಸಾಮಾನು. ಒಲೆ ಹಚ್ಚದೆ ಸಾಮಾನು ತಂದು ಸುರಿದರೆ ಏನು ಪ್ರಯೋಜನ? ಜೀಜೀ ಮೂಲತಃ ಪೂರ್ವ ಆಫ್ರಿಕಾದ ಕಡೆಯದು. ಬರ ತಡೆಯಲು ಮಣ್ಣಿನೊಳಗೆ ಆಲೂಗಡ್ಡೆಯಂಥ ಗಡ್ಡೆಗಳಲ್ಲಿ ನೀರು ಕೂಡಿಟ್ಟುಕೊಳ್ಳುತ್ತದೆ. ಅದಕ್ಕೆ ವಾರಕ್ಕೊಮ್ಮೆ ನೀರು ಅಂದರೆ ಅತಿಯಾಯಿತು. ಮಣ್ಣು ತಳದವರೆಗೆ ಒಣಗಲಿ, ಸಾಮಾನ್ಯವಾಗಿ ಮೂರು ವಾರವಾದರೂ ಬೇಕು. ಎರೆಗೊಬ್ಬರ ವರ್ಷಕ್ಕೆ ಎರಡು ಸಲ ಒಂದು ಹಿಡಿ ಸಾಕು. ಗಿಡವನ್ನು ಕಿಟಕಿಗೆ ಮೂರು ನಾಲ್ಕು ಅಡಿಯಷ್ಟು ಹತ್ತಿರಕ್ಕೆ ತನ್ನಿ. ಒಂದೇ ಸಲ ಬಿಸಿಲಿಗೆ ಇಡಬೇಡಿ, ಎಲೆ ಸುಡುತ್ತದೆ. ಚಿಗುರು ಹಳೇ ಕೊಂಬೆಯ ತುದಿಯಲ್ಲಿ ಬರುವುದಿಲ್ಲ, ಮಣ್ಣಿನಿಂದ ಹಸಿರು ಭರ್ಜಿಯ ಹಾಗೆ ಎದ್ದು ಬರುತ್ತದೆ. ಎರಡು ತಿಂಗಳು ಕಾಯಬೇಕಾಗಬಹುದು. ಅಷ್ಟರೊಳಗೆ ಬಂತಾ ಅಂತ ಯಾರೂ ಮಣ್ಣು ಕೆದಕದ ಹಾಗೆ ಆಫೀಸಿನಲ್ಲಿ ಹೇಳಿಡಿ.