ಕೆಟ್ಟ ಫೋಟೊಗಳನ್ನು ಮೊದಲು ನೋಡಿ

ಪ್ರಶ್ನೆ: ಸಾರ್, ನಮಸ್ಕಾರ. ಬರುವ ತಿಂಗಳು ನಮ್ಮ ಮದುವೆಯಾಗಿ ಹತ್ತು ವರ್ಷ ತುಂಬುತ್ತದೆ. ನನ್ನ ಹೆಂಡತಿಗೆ ಫೋಟೊ ತೆಗೆಯುವುದೆಂದರೆ ಪ್ರಾಣ. ಈಗ ಎಲ್ಲವನ್ನೂ ಫೋನಿನಲ್ಲೇ ತೆಗೆಯುತ್ತಾಳೆ. ಟೆರೇಸಿನ ಗಿಡಗಳು, ಭಾನುವಾರದ ಲಾಲ್‌ಬಾಗ್, ಎಲ್ಲಕ್ಕಿಂತ ಜಾಸ್ತಿ ಮಗಳ ಭರತನಾಟ್ಯ. ಅವಳಿಗೆ ಹೇಳದೆ ಒಂದು ಒಳ್ಳೆ ಕ್ಯಾಮೆರಾ ತಂದುಕೊಡಬೇಕು ಅಂತ ಆಸೆ. 40 ಸಾವಿರ ಎತ್ತಿಟ್ಟಿದ್ದೇನೆ. ಅಂಗಡಿಯಲ್ಲಿ ಕೇಳಿದರೆ ಎರಡು ಜೂಮ್ ಲೆನ್ಸ್, ಬ್ಯಾಗು, ಟ್ರೈಪಾಡು ಎಲ್ಲ ಸೇರಿಸಿ 58 ಸಾವಿರದ ಕಾಂಬೊ ತಗೊಳ್ಳಿ ಅಂದರು. ಡಿಎಸ್‌ಎಲ್‌ಆರ್ ಒಳ್ಳೆಯದಾ, ಮಿರರ್‌ಲೆಸ್ ಒಳ್ಳೆಯದಾ? ಎಷ್ಟು ಮೆಗಾಪಿಕ್ಸೆಲ್ ಇರಬೇಕು? ಇದರಲ್ಲಿ ನನಗೆ ಏನೂ ಗೊತ್ತಾಗುವುದಿಲ್ಲ.
— ಓದುಗರು, ಹನುಮಂತನಗರ

ಉತ್ತರ: ಇಬ್ಬರಿಗೂ ಶುಭಾಶಯ. ಕಾಂಬೊ ಬೇಡ, ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಅಂಗಡಿಗೆ ಇನ್ನೊಂದು ಸಲ ಹೋಗುವ ಮುಂಚೆ ಒಂದು ಕೆಲಸ ಮಾಡಿ. ಒಂದು ಸಂಜೆ ನಿಮ್ಮ ಹೆಂಡತಿಯ ಪಕ್ಕ ಕೂತು, ಈ ವರ್ಷದ ಫೋಟೊ ತೋರಿಸು ಅಂತ ಫೋನ್ ಇಸಿದುಕೊಳ್ಳಿ. ಚೆನ್ನಾಗಿ ಬಂದಿರುವುದನ್ನು ಬಿಡಿ, ಅದಕ್ಕೆಲ್ಲ ಫೋನೇ ಸಾಕಾಗಿದೆ. ಕೆಟ್ಟು ಹೋದವನ್ನು ನೋಡಿ. ಕೈ ಅಲುಗಿದಂತೆ ಕಾಣುವುದು, ಮುಖ ಮಸುಕಾಗಿರುವುದು, ದೂರದ್ದನ್ನು ಎಳೆದು ಎಳೆದು ಹಿಟ್ಟಿನಂತಾಗಿರುವುದು. ಹಾಗೆ ಕೆಟ್ಟರೂ ಅಳಿಸದೆ ಇಟ್ಟುಕೊಂಡಿದ್ದಾರೆ ಅಂದರೆ ಆ ಫೋಟೊ ಅವರಿಗೆ ಬೇಕಾಗಿತ್ತು, ಫೋನಿನ ಕೈಲಿ ಆಗಲಿಲ್ಲ, ಅಷ್ಟೇ. ನೀವು ಕೊಡಬೇಕಾದ ಕ್ಯಾಮೆರಾ ಯಾವುದು ಅನ್ನುವುದು ಅಲ್ಲೇ ಇದೆ.

ನಿಮ್ಮ ಪತ್ರ ನೋಡಿದರೆ ಅಂಥ ಫೋಟೊಗಳಲ್ಲಿ ಮುಕ್ಕಾಲು ಪಾಲು ಮಗಳ ಡ್ಯಾನ್ಸಿನವೇ ಇರುತ್ತವೆ ಅಂತ ನನ್ನ ಊಹೆ. ಗಿಡ, ಹೂವು ಹಗಲು ಬೆಳಕಿನಲ್ಲಿ ಅಲುಗಾಡದೆ ನಿಂತಿರುತ್ತವೆ, ಫೋನಿಗೆ ಕಷ್ಟವಿಲ್ಲ. ಆದರೆ ಸಭಾಂಗಣದಲ್ಲಿ ದೀಪ ಕಡಿಮೆ, ಹುಡುಗಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಕೈಬೆರಳು, ಗೆಜ್ಜೆ ಕಾಲು ಎರಡೂ ಎಳೆದ ಗೆರೆಯಾಗಿ ಬರುತ್ತವೆ. ಇಲ್ಲಿ ಮೆಗಾಪಿಕ್ಸೆಲ್ ಏನೂ ಮಾಡಲಾರದು. ಇವತ್ತು ಶುರುವಿನ ಮಟ್ಟದ ಕ್ಯಾಮೆರಾಗಳೆಲ್ಲ 24 ಮೆಗಾಪಿಕ್ಸೆಲ್ ಆಸುಪಾಸಿನಲ್ಲೇ ಇವೆ, ಅಷ್ಟಿದ್ದರೆ 20 ಇಂಚು ಅಗಲದ ಪ್ರಿಂಟ್ ಹಾಕಿಸಿ ಗೋಡೆಗೆ ತೂಗುಹಾಕಬಹುದು. ಆ ಪ್ರಶ್ನೆ ಅಲ್ಲಿಗೆ ಮುಗಿಯಿತು.

ಕೆಲಸಕ್ಕೆ ಬರುವುದು ಲೆನ್ಸಿನ ಬಾಯಿ ಎಷ್ಟು ಅಗಲ ತೆರೆಯುತ್ತದೆ ಅನ್ನುವುದು. ಕ್ಯಾಮೆರಾ ಜೊತೆ ಬರುವ 18-55 ಕಿಟ್ ಲೆನ್ಸ್ ಇದೆಯಲ್ಲ, ಅದನ್ನು ಪೂರ್ತಿ ಜೂಮ್ ಮಾಡಿದಾಗ ಅದರ ಬಾಯಿ ಎಫ್ 5.6ಕ್ಕಿಂತ ಜಾಸ್ತಿ ತೆರೆಯುವುದಿಲ್ಲ (ಎಫ್ ಪಕ್ಕದ ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ಅಗಲ). 50 ಎಂಎಂ ಎಫ್ 1.8 ಅಂತ ಒಂದು ಪುಟ್ಟ ಲೆನ್ಸ್ ಇದೆ (ಎಂಎಂ ಜಾಸ್ತಿಯಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ). ಅದರಲ್ಲಿ ಜೂಮ್ ಇಲ್ಲ, ಆದರೆ ಒಳಗೆ ಬಿಡುವ ಬೆಳಕು ಕಿಟ್ ಲೆನ್ಸಿಗಿಂತ ಹತ್ತಿರ ಹತ್ತಿರ ಹತ್ತು ಪಟ್ಟು! ಐಎಸ್‌ಒ ಅನ್ನುವುದು ಸಿಕ್ಕ ಬೆಳಕನ್ನು ಕ್ಯಾಮೆರಾ ಎಷ್ಟು ಹಿಗ್ಗಿಸುತ್ತದೆ ಅನ್ನುವ ಸಂಖ್ಯೆ. ಶಟರ್ ಅಂದರೆ ಬೆಳಕು ಒಳಗೆ ಬೀಳಲು ತೆರೆದಿರುವ ಹೊತ್ತು, ಅದು ಕಡಿಮೆಯಾದಷ್ಟೂ ಕುಣಿತ ಗೆರೆಯಾಗುವುದಿಲ್ಲ. ಅಂದರೆ 50 ಎಂಎಂ ಹಾಕಿಕೊಂಡು ಐಎಸ್‌ಒ 1600ರಲ್ಲಿ ಸೆಕೆಂಡಿನ 250ನೇ ಒಂದು ಭಾಗದ ಶಟರ್ ಸಿಕ್ಕಿತು ಅಂದುಕೊಳ್ಳಿ, ಅದೇ ಫೋಟೊ ಕಿಟ್ ಲೆನ್ಸಿನಲ್ಲಿ ಬೇಕಾದರೆ ಐಎಸ್‌ಒ 16,000ದವರೆಗೆ ಏರಿಸಬೇಕು. ಅಂಗಡಿಗಳಲ್ಲಿ ಎಲ್ಲರಿಗೂ ತೋರಿಸುವ ಕ್ಯಾನನ್ 1500ಡಿ ಎಳೆದಾಡಿದರೂ 12,800ಕ್ಕೆ ನಿಲ್ಲುತ್ತದೆ, ಮತ್ತೆ ಅಷ್ಟರಲ್ಲಿ ಫೋಟೊ ತುಂಬ ಮರಳು ಮರಳು. ನಿಮ್ಮ ಕಾಂಬೊದ ಎರಡನೇ ಲೆನ್ಸೂ ಬೆಳಕಿನ ವಿಷಯದಲ್ಲಿ ಇಷ್ಟೇ. ಅದಕ್ಕೇ ಬೇಡ ಅಂದಿದ್ದು.

ಜೂಮ್ ಇಲ್ಲದ ಲೆನ್ಸಿನಲ್ಲಿ ಡ್ಯಾನ್ಸ್ ಹೇಗೆ ತೆಗೆಯುವುದು ಅಂತ ಅನ್ನಿಸಬಹುದು. ಈ ಕ್ಯಾಮೆರಾಗಳಲ್ಲಿ 50 ಎಂಎಂ ಹಾಕಿ ಐದು ಮೀಟರ್ ದೂರದಲ್ಲಿ ಕೂತು ಕ್ಯಾಮೆರಾ ಉದ್ದುದ್ದ ಹಿಡಿದರೆ, ಮೇಲಿಂದ ಕೆಳಕ್ಕೆ ಸುಮಾರು 2.2 ಮೀಟರ್ ಸಿಗುತ್ತದೆ. ಅರೆಮಂಡಿಯಲ್ಲಿ ನಿಂತ ಮಗು, ಕೈ ಎತ್ತಿದರೂ, ಕಾಲಿನ ಗೆಜ್ಜೆ ಸಮೇತ ಪೂರ್ತಿ ಬರುತ್ತದೆ. ಸ್ವಲ್ಪ ಮುಂಚೆ ಹೋಗಿ ಮುಂದಿನ ಸಾಲು ಹಿಡಿಯಿರಿ, ಸಾಕು. ಫ್ಲ್ಯಾಶ್ ಮಾತ್ರ ಹಾಕಬೇಡಿ ಅಂತ ಅವರಿಗೆ ಹೇಳಿ. ಕ್ಯಾಮೆರಾದ ಪುಟ್ಟ ಫ್ಲ್ಯಾಶ್ ಕೆಲವೇ ಮೀಟರ್ ಮುಟ್ಟುತ್ತದೆ, ಕುಣಿಯುವ ಮಕ್ಕಳ ಕಣ್ಣಿಗೂ ಹಿಂಸೆ.

ಈಗ ದುಡ್ಡಿನ ಮಾತು. ಹೊಸ 1500ಡಿ ಕಿಟ್ ಲೆನ್ಸ್ ಜೊತೆ ತಗೊಂಡರೆ ನಿಮ್ಮ 40 ಸಾವಿರ ಅದಕ್ಕೇ ಹೆಚ್ಚುಕಡಿಮೆ ಮುಗಿಯುತ್ತದೆ. 50 ಎಂಎಂಗೆ ಇನ್ನೊಂದು 10 ಸಾವಿರದ ಆಸುಪಾಸು ಬೇಕು. ನನ್ನನ್ನು ಕೇಳಿದರೆ ಬಾಡಿಯನ್ನು, ಅಂದರೆ ಲೆನ್ಸ್ ಬಿಟ್ಟು ಬರೀ ಕ್ಯಾಮೆರಾವನ್ನು, ಸೆಕೆಂಡ್ ಹ್ಯಾಂಡ್ ತಗೊಳ್ಳಿ, 50 ಎಂಎಂ ಅನ್ನು ಹೊಸದಾಗಿ ಬಿಲ್ ಸಮೇತ ತಗೊಳ್ಳಿ. ಬೆಂಗಳೂರಿನಲ್ಲಿ ಕ್ಯಾಮೆರಾ ಕೊಂಡು ಎರಡು ಟ್ರಿಪ್ ಹೋಗಿ ಆಮೇಲೆ ಬೀರುವಿನಲ್ಲಿಟ್ಟವರು ಎಷ್ಟೋ ಜನ ಇದ್ದಾರೆ, ಹುಡುಕಿದರೆ ಒಳ್ಳೆಯದು ಸಿಕ್ಕೇ ಸಿಗುತ್ತದೆ. ನಾನಾದರೆ ಕ್ಯಾನನ್ 200ಡಿ ಹುಡುಕುತ್ತೇನೆ. 2017ರಲ್ಲಿ ಬಂದಿದ್ದು, ಆದರೂ ಹಗುರ, ಮುಟ್ಟುವ ಪರದೆ ಇದೆ, ಪರದೆ ಹೊರಕ್ಕೆ ತಿರುಗುತ್ತದೆ. ಫೋನಿನಿಂದ ಬಂದವರಿಗೆ ಪರದೆ ಮುಟ್ಟಿ ಫೋಕಸ್ ಮಾಡುವುದು ಸಲೀಸು. ನಿಕಾನ್ ಡಿ3500 ಕೂಡ ತುಂಬ ಒಳ್ಳೆ ಕ್ಯಾಮೆರಾ, ಬ್ಯಾಟರಿ ಒಂದು ಚಾರ್ಜಿಗೆ 1500 ಫೋಟೊ ದಾಟುತ್ತದೆ. ಆದರೆ ಅದರ ಬಾಡಿಯೊಳಗೆ ಫೋಕಸ್ ಮೋಟರ್ ಇಲ್ಲ. ಹಳೆಯ 50 ಎಂಎಂ 1.8ಡಿ ಲೆನ್ಸ್ ಅಗ್ಗಕ್ಕೆ ಸಿಕ್ಕಿತು ಅಂತ ತಂದರೆ ಕೈಯಲ್ಲೇ ತಿರುಗಿಸಿ ಫೋಕಸ್ ಮಾಡಬೇಕು, ಕುಣಿಯುವ ಮಗುವಿಗೆ ಅದು ಆಗದ ಮಾತು. ನಿಕಾನ್ ಆದರೆ ಲೆನ್ಸಿನ ಮೇಲೆ ಎಎಫ್-ಎಸ್ ಅಥವಾ ಎಎಫ್-ಪಿ ಅಂತ ಬರೆದಿರುವುದನ್ನೇ ತಗೊಳ್ಳಿ, ಅವುಗಳಲ್ಲಿ ಮೋಟರ್ ಲೆನ್ಸಿನೊಳಗೇ ಇರುತ್ತದೆ.

ಮಿರರ್‌ಲೆಸ್ ವಿಷಯ. ಡಿಎಸ್‌ಎಲ್‌ಆರ್ ಒಳಗೆ ಒಂದು ಕನ್ನಡಿ ಇರುತ್ತದೆ, ಮಿರರ್‌ಲೆಸ್‌ನಲ್ಲಿ ಇರುವುದಿಲ್ಲ. ನಾನು ಇಲ್ಲಿಯವರೆಗೆ ಹೆಸರು ಹೇಳಿದವೆಲ್ಲ ಡಿಎಸ್‌ಎಲ್‌ಆರ್. ಕಂಪನಿಗಳು ಈಗ ಹೊಸದೆಲ್ಲ ಮಿರರ್‌ಲೆಸ್‌ನಲ್ಲೇ ತರುತ್ತಿವೆ. ಕ್ಯಾನನ್ ಆಗಲಿ ನಿಕಾನ್ ಆಗಲಿ 2020ರ ನಂತರ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಹಾಗಂತ ಇರುವ ಡಿಎಸ್‌ಎಲ್‌ಆರ್‌ಗಳು ನಾಳೆಯಿಂದ ಫೋಟೊ ತೆಗೆಯುವುದನ್ನು ನಿಲ್ಲಿಸುತ್ತವಾ? ಇಲ್ಲ ಅಲ್ವಾ. ಲೆನ್ಸುಗಳು ಬೇಕಾದಷ್ಟಿವೆ, ಹಳೆಯದಂತೂ ಅಗ್ಗ. ಬಜೆಟ್ ಸ್ವಲ್ಪ ಎಳೆಯಬಹುದು ಅಂದರೆ ಮಿರರ್‌ಲೆಸ್‌ನಲ್ಲಿ ಕ್ಯಾನನ್ ಆರ್100 ನೋಡಿ. ಕಿಟ್ ಲೆನ್ಸ್ ಸೇರಿ ಅರ್ಧ ಕಿಲೊಗಿಂತ ಕಡಿಮೆ ತೂಕ, 1500ಡಿಗಿಂತ ಸುಮಾರು 200 ಗ್ರಾಂ ಹಗುರ. ಆದರೆ ಅದರ ಪರದೆ ಮುಟ್ಟಿದರೆ ಕೆಲಸ ಮಾಡುವುದಿಲ್ಲ, ತಿರುಗುವುದೂ ಇಲ್ಲ. ಅದಕ್ಕೆ ಹೊಂದುವ 50 ಎಂಎಂ ಲೆನ್ಸಿಗೂ ಜಾಸ್ತಿ ದುಡ್ಡು ಕೊಡಬೇಕು.

ತೂಕದ ಬಗ್ಗೆ ಇಷ್ಟು ಹೇಳುವುದಕ್ಕೆ ಕಾರಣ ಇದೆ. ಹದಿನೈದು ವರ್ಷದ ಹಿಂದೆ ನನ್ನ ಹೆಂಡತಿಗೆ ನಾನೇ ಹೋಗಿ ಆರಿಸಿ ಒಂದು ದೊಡ್ಡ ಕ್ಯಾಮೆರಾ, ಜೊತೆಗೆ ಉದ್ದದ ಜೂಮ್ ಲೆನ್ಸ್ ತಂದುಕೊಟ್ಟೆ. ಆಕೆಯ ಕೈ ಚಿಕ್ಕದು, ಮಣಿಕಟ್ಟು ನೋಯುತ್ತಿತ್ತು. ನನಗೆ ಬೇಜಾರಾಗಬಾರದು ಅಂತ ಒಂದು ಮಾತೂ ಹೇಳದೆ ಎರಡು ವರ್ಷ ಹೊತ್ತಳು. ಆಮೇಲೆ ಒಂದು ದಿನ ಬೆಳಗ್ಗೆ ಕೆ.ಆರ್. ಮಾರ್ಕೆಟ್‌ಗೆ ಹೂವಿನ ಫೋಟೊ ತೆಗೆಯಲು ಹೊರಟಾಗ ಕ್ಯಾಮೆರಾ ಮನೆಯಲ್ಲೇ ಬಿಟ್ಟು ಫೋನ್ ತಗೊಂಡು ಬಂದಳು, ಆಗ ನನಗೆ ಗೊತ್ತಾಯಿತು. ಇವತ್ತಿಗೂ ಅದು ನನ್ನ ಮನಸ್ಸಿನಲ್ಲಿದೆ. ಆದ್ದರಿಂದ ಗುಟ್ಟಾಗಿ ತರುವ ಆಸೆಯನ್ನು ಸ್ವಲ್ಪ ಬದಲಾಯಿಸಿ. ನಮ್ಮೂರಲ್ಲಿ ಕ್ಯಾಮೆರಾ ದಿನದ ಬಾಡಿಗೆಗೆ ಸಿಗುತ್ತದೆ. ವಾರ್ಷಿಕೋತ್ಸವದ ಹಿಂದಿನ ಭಾನುವಾರ ಒಂದು ಬಾಡಿ, 50 ಎಂಎಂ ಬಾಡಿಗೆಗೆ ತಂದು, ಸ್ನೇಹಿತರದ್ದು ಅಂತಲೋ ಏನೋ ಹೇಳಿ ಲಾಲ್‌ಬಾಗಿಗೆ ಕರೆದುಕೊಂಡು ಹೋಗಿ. ಫಲಪುಷ್ಪ ಪ್ರದರ್ಶನದ ದಿನ ಬೇಡ, ಕಾಲಿಡಲು ಜಾಗ ಇರುವುದಿಲ್ಲ. ಸುಮ್ನೆ ಅವರ ಕೈಗೆ ಕೊಟ್ಟು ನೋಡುತ್ತಾ ಇರಿ. ಹಿಡಿಕೆಯಲ್ಲಿ ಬೆರಳು ಸರಿಯಾಗಿ ಕೂರುತ್ತದಾ, ಅರ್ಧ ಗಂಟೆಗೆ ನಿಮಗೆ ವಾಪಸ್ ಕೊಡುತ್ತಾರಾ, ಇಲ್ಲ ಕೇಳಿದರೂ ಕೊಡುವುದಿಲ್ಲವಾ? ನಿಮಗೆ ಬೇಕಾದ ಉತ್ತರ ಅಷ್ಟರಲ್ಲಿ ಸಿಗುತ್ತದೆ.

ಸೆಕೆಂಡ್ ಹ್ಯಾಂಡ್ ನೋಡುವಾಗ ಹಗಲಲ್ಲಿ ನೋಡಿ, ಮೂಲ ಬಿಲ್ ಕೇಳಿ, ಬಿಲ್ಲಿನಲ್ಲಿರುವ ಸೀರಿಯಲ್ ನಂಬರ್ ಕ್ಯಾಮೆರಾದ ಅಡಿಯಲ್ಲಿರುವುದಕ್ಕೆ ಸರಿಹೊಂದುತ್ತದಾ ಅಂತ ನೋಡಿ. ಹೊಂದದಿದ್ದರೆ ಎಷ್ಟೇ ಅಗ್ಗವಾದರೂ ಎದ್ದು ಬನ್ನಿ, ಕದ್ದ ಮಾಲು ಇರಬಹುದು. ಲೆನ್ಸ್ ಬಾಯಿಯನ್ನು ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆದರೆ, ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸೆನ್ಸಾರಿನ ಮೇಲಿನ ಕೊಳೆ ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ನಿಕಾನ್ ಆದರೆ ಶಟರ್ ಎಷ್ಟು ಸಲ ಬಡಿದಿದೆ ಅನ್ನುವುದು ಫೋಟೊ ಫೈಲಿನ ಮಾಹಿತಿಯಲ್ಲೇ ಇರುತ್ತದೆ, ಕ್ಯಾನನ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಮಾರುವವರ ಮಾತು ಮತ್ತು ಬಾಡಿಯ ಸವೆತ ನೋಡಿಯೇ ಅಂದಾಜು ಮಾಡಬೇಕು. ಮೆಮೊರಿ ಕಾರ್ಡ್ ಮಾತ್ರ ಹೊಸದು, ನಂಬಿಕೆಯ ಕಡೆ, ಬಿಲ್ ಸಮೇತ. ನಕಲಿ ಕಾರ್ಡ್ ತುಂಬ ಓಡಾಡುತ್ತಿವೆ, ಅರಂಗೇಟ್ರಂ ದಿನ ಅದು ಕೈಕೊಟ್ಟರೆ ಆ ಫೋಟೊ ಮತ್ತೆ ಸಿಗುವುದಿಲ್ಲ.

ಕಲಿಯುವ ಆಸೆ ಜಾಸ್ತಿಯಾದರೆ ಯೂತ್ ಫೋಟೊಗ್ರಾಫಿಕ್ ಸೊಸೈಟಿ ಅಂತ ನಮ್ಮೂರಲ್ಲೇ 1971ರಿಂದ ಇದೆ, ಹವ್ಯಾಸಿಗಳದ್ದೇ ಸಂಘ. ಅವರ ಕಾರ್ಯಕ್ರಮಕ್ಕೆ ಒಮ್ಮೆ ಇಬ್ಬರೂ ಹೋಗಿ ಬನ್ನಿ.

ಪ್ರಶ್ನೆ: ನಮ್ಮ ಯಜಮಾನರು ರಿಟೈರ್ ಆದ ಮೇಲೆ ದಿನಾ ಬೆಳಗ್ಗೆ ಜಕ್ಕೂರು ಕೆರೆಗೆ ವಾಕಿಂಗ್ ಹೋಗುತ್ತಾರೆ. ಹಕ್ಕಿಗಳ ಫೋಟೊ ತೆಗೆಯಬೇಕು ಅಂತ ಆಸೆ, ಬಾಯಿ ಬಿಟ್ಟು ಕೇಳುವುದಿಲ್ಲ. ಭುಜ ನೋವಿದೆ. ಹುಟ್ಟುಹಬ್ಬಕ್ಕೆ ಕೊಡಬೇಕು. ದೊಡ್ಡ ಲೆನ್ಸ್ ಕ್ಯಾಮೆರಾನೇ ಬೇಕಾ?
— ಓದುಗರು, ಯಲಹಂಕ

ಉತ್ತರ: ಬೇಡ ಅಮ್ಮ. ಮೇಲಿನವರಿಗೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಹೇಳುತ್ತೇನೆ, ಯಾಕೆಂದರೆ ಹಕ್ಕಿ ದೂರ ಇರುತ್ತದೆ, ಬೆಳಗಿನ ಬಿಸಿಲಿನಲ್ಲಿ ಇರುತ್ತದೆ. ಲೆನ್ಸ್ ಬದಲಾಯಿಸುವ ಕ್ಯಾಮೆರಾದಲ್ಲಿ ಹಕ್ಕಿ ಹಿಡಿಯಲು ಕಡಿಮೆ ಅಂದರೂ 300 ಎಂಎಂ ಲೆನ್ಸ್ ಬೇಕು. ಅದರ ಬೆಲೆಯೂ ಜಾಸ್ತಿ, ತೂಕವೂ ಜಾಸ್ತಿ. ಲೆನ್ಸ್ ಅಂಟಿಕೊಂಡೇ ಇರುವ, 40 ಪಟ್ಟು, 60 ಪಟ್ಟು ಜೂಮ್ ಇರುವ ಕ್ಯಾಮೆರಾಗಳಿವೆ. ಕ್ಯಾನನ್ ಎಸ್‌ಎಕ್ಸ್70, ಪ್ಯಾನಸೋನಿಕ್ ಎಫ್‌ಝಡ್80 ಈ ಜಾತಿಯವು, ಎರಡೂ 600 ಗ್ರಾಂ ಆಚೀಚೆ. ನಿಕಾನ್ ಪಿ950 ಇನ್ನೂ ದೂರ ಎಳೆಯುತ್ತದೆ, 83 ಪಟ್ಟು, ಆದರೆ ತೂಕ ಒಂದು ಕಿಲೊ. ಭುಜ ನೋವಿರುವವರಿಗೆ ಅದು ಬೇಡ.

ಇವುಗಳ ಸೆನ್ಸಾರ್ ಪುಟ್ಟದು, ಡಿಎಸ್‌ಎಲ್‌ಆರ್ ಸೆನ್ಸಾರಿನ ಹನ್ನೆರಡನೇ ಒಂದು ಭಾಗದಷ್ಟು. ಆದ್ದರಿಂದ ಸೂರ್ಯ ಹುಟ್ಟುವ ಮುಂಚೆ, ಮೋಡದ ದಿನ ಫೋಟೊ ಅಷ್ಟು ಚೆನ್ನಾಗಿ ಬರುವುದಿಲ್ಲ. ಏಳೂವರೆ ಎಂಟರ ಬಿಸಿಲಿಗೆ ಹೆಜ್ಜಾರ್ಲೆ ರೆಕ್ಕೆ ಬಿಚ್ಚಿದಾಗ, ನೀರುಕಾಗೆ ರೆಕ್ಕೆ ಒಣಗಿಸುತ್ತಾ ಕೂತಾಗ ಖಂಡಿತ ಚೆನ್ನಾಗಿ ಬರುತ್ತದೆ. ಹಾರುವ ಮಿಂಚುಳ್ಳಿ ಸಿಗುವುದು ಕಷ್ಟ, ಕೂತಿದ್ದು ಸಿಗುತ್ತದೆ. ತಗೊಳ್ಳುವಾಗ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇದೆಯಾ ಅಂತ ಮರೆಯದೆ ನೋಡಿ. ಬಿಸಿಲಿನಲ್ಲಿ ಹಿಂದಿನ ಪರದೆ ಕಾಣುವುದಿಲ್ಲ, ಕ್ಯಾಮೆರಾವನ್ನು ಮುಖಕ್ಕೆ ಒತ್ತಿ ಹಿಡಿದರೆ ಕೈ ನಡುಗುವುದೂ ಕಡಿಮೆ. ಕುತ್ತಿಗೆಗೆ ಹಾಕುವ ಪಟ್ಟಿ ತೆಗೆದು, ಎದೆಗೆ ಅಡ್ಡಲಾಗಿ ಬರುವ ಅಗಲದ ಪಟ್ಟಿ ಹಾಕಿಸಿಕೊಡಿ.

ಪ್ರಶ್ನೆ: ಮೂರು ವರ್ಷದ ಹಿಂದೆ ಹೆಂಡತಿಗೆ ಕೊಟ್ಟ ಕ್ಯಾಮೆರಾ ಬ್ಯಾಗಿನಲ್ಲೇ ಇತ್ತು. ಈಗ ತೆಗೆದು ನೋಡಿದರೆ ಲೆನ್ಸ್ ಒಳಗೆ ಬಿಳಿ ಎಳೆ ಎಳೆಯಾಗಿ ಏನೋ ಇದೆ. ಒರೆಸಿದರೆ ಹೋಗುತ್ತಿಲ್ಲ.
— ಓದುಗರು, ಮಲ್ಲೇಶ್ವರ

ಉತ್ತರ: ಅದು ಬೂಷ್ಟು. ಗಾಜಿನ ಒಳಗಿದೆ, ನೀವು ಹೊರಗಿನಿಂದ ಎಷ್ಟು ಒರೆಸಿದರೂ ಹೋಗುವುದಿಲ್ಲ, ಜೋರಾಗಿ ಉಜ್ಜಿದರೆ ಗಾಜಿನ ಮೇಲಿನ ಲೇಪ ಹಾಳಾಗುತ್ತದೆ. ಮಳೆಗಾಲದ ತೇವ, ಕತ್ತಲು, ಗಾಳಿಯಾಡದ ಬ್ಯಾಗು ಮೂರೂ ಸೇರಿದರೆ ಬೂಷ್ಟು ಬರುತ್ತದೆ. ಲೆನ್ಸ್ ಬಿಚ್ಚಿ ಶುಚಿ ಮಾಡುವವರ ಹತ್ತಿರ ಒಯ್ದು ಮೊದಲು ಖರ್ಚು ಎಷ್ಟು ಅಂತ ಕೇಳಿ. ಕಿಟ್ ಲೆನ್ಸ್ ಆದರೆ ಆ ದುಡ್ಡಿಗೆ ಇನ್ನೊಂದು ಹಳೆ ಲೆನ್ಸೇ ಸಿಗಬಹುದು. ಶುಚಿ ಮಾಡಿಸುವ ತನಕ ಅದನ್ನು ಬೇರೆ ಲೆನ್ಸುಗಳ ಜೊತೆ ಇಡಬೇಡಿ. ಇನ್ನು ಮುಂದೆ ಬ್ಯಾಗಿನಲ್ಲಿ ಇಡಬೇಡಿ. ಅಡುಗೆಮನೆಯಲ್ಲಿ ಬೇಳೆ ಹಾಕಿಡುವ ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ಇದ್ದರೆ ಸಾಕು, ಚೆನ್ನಾಗಿ ಒಣಗಿಸಿ, ಕ್ಯಾಮೆರಾದ ಜೊತೆ ಬಣ್ಣ ಬದಲಾಗುವ ಸಿಲಿಕಾ ಜೆಲ್ ಇಡಿ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ತಿರುಗಿದರೆ ತೇವ ಕುಡಿದಿದೆ ಅಂತ ಅರ್ಥ, ಬದಲಾಯಿಸಿ. ಬ್ಯಾಟರಿ ತೆಗೆದು ಬೇರೆ ಇಡಿ. ಹದಿನೈದು ದಿನಕ್ಕೊಮ್ಮೆ ಡಬ್ಬಿ ತೆರೆದು ಕ್ಯಾಮೆರಾ ಹೊರಗೆ ತೆಗೆದು, ಟೆರೇಸಿಗೆ ಹೋಗಿ ಇಬ್ಬರೂ ಹತ್ತಿಪ್ಪತ್ತು ಫೋಟೊ ತೆಗೆದು ಮತ್ತೆ ಒಳಗಿಡಿ.